ಹಳೆಯ ಲಸಿಕೆ ಕಾರ್ಡ್ ಬಿಟ್ಟು ಹೊಸದಾಗಿ ಶುರು ಮಾಡಿದ್ದು

ಬದಿಯಡ್ಕದ ಕಡೆ ಒಂದು ಸಬ್‌ಸೆಂಟರಿನಲ್ಲಿ ನಾನು ನರ್ಸ್. ಅಣ್ಣನ ಸ್ಟೆಮ್ ಸೆಲ್ (ಮೂಳೆ ಮಜ್ಜೆಯಲ್ಲಿ ರಕ್ತ ಹುಟ್ಟಿಸುವ ಕಣ) ಕಸಿ ಮಾಡಿಸಿಕೊಂಡು ಊರಿಗೆ ಬಂದ ಹುಡುಗಿಯ ಅಮ್ಮ ಪ್ಲಾಸ್ಟಿಕ್ ಕವರಿನಿಂದ ಹಳೆಯ ಲಸಿಕೆ ಕಾರ್ಡ್ ತೆಗೆದು ತೋರಿಸಿದರು. "ಸಿಸ್ಟರ್, ಒಂದೂ ಬಾಕಿ ಇಲ್ಲ." ನಿಜ, ಎಲ್ಲಾ ಹಾಕಿಸಿದ್ದರು. ಆದರೆ ಕಸಿಗೆ ಮೊದಲು ಕೊಡುವ ಕೀಮೋದಲ್ಲಿ ಹಳೆಯ ಮಜ್ಜೆ ಹೋಗುತ್ತದೆ, ಹಳೆಯ ಲಸಿಕೆಗಳ ಬಲವೂ ಹೆಚ್ಚುಕಡಿಮೆ ಅದರ ಜೊತೆಗೇ ಹೋಗುತ್ತದೆ. ಎಲ್ಲವನ್ನೂ ಮೊದಲಿನಿಂದ ಕೊಡಬೇಕು. ಇದನ್ನು ಅವರಿಗೆ ಹೇಳುವುದೇ ನನಗೆ ಕಷ್ಟವಾಯಿತು.

ಕಸಿ ಮಾಡಿದ ಡಾಕ್ಟರಿಗೆ ಫೋನ್ ಮಾಡಿ, ಅವರ ಮನೆಯ ಕ್ಯಾಲೆಂಡರಿನಲ್ಲೇ ತಾರೀಖು ಬರೆದೆ. ಕಸಿಯಾಗಿ ಆರು ತಿಂಗಳಾದ ಮೇಲೆ ಫ್ಲೂ ಲಸಿಕೆ, ಆಮೇಲೆ ಪೋಲಿಯೋ ಇಂಜೆಕ್ಷನ್, ಹೆಪಟೈಟಿಸ್ ಬಿ. ದಡಾರ, ಚಿಕನ್‌ಪಾಕ್ಸ್ ಲಸಿಕೆಗಳಲ್ಲಿ ಜೀವಂತ ವೈರಸ್ ಇರುತ್ತದೆ, ಹಾಗಾಗಿ 2 ವರ್ಷದ ಒಳಗೆ ಮುಟ್ಟುವ ಹಾಗೇ ಇಲ್ಲ.

ಅಲ್ಲಿಯವರೆಗೆ ಅವಳನ್ನು ಕಾಯುವವರು ಮನೆಯವರೇ ಅಲ್ವಾ? ಅದಕ್ಕೆ ಎಲ್ಲರಿಗೂ ಫ್ಲೂ ಲಸಿಕೆ ಹಾಕಬೇಕು ಎಂದೆ. ಅಪ್ಪ ಮೆಡಿಕಲ್‌ನಿಂದ ಐಸ್ ಹಾಕಿದ ಡಬ್ಬಿಯಲ್ಲಿ ತಂದರು. ಅಜ್ಜ ಮಾತ್ರ ಒಪ್ಪಲಿಲ್ಲ, "ನನಗೆ ಜ್ವರವೇ ಬರುವುದಿಲ್ಲ ಮಗಾ" ಎಂದರು. "ಅಜ್ಜಾ, ಇದು ನಿಮಗಲ್ಲ, ಪುಳ್ಳಿಗೆ (ಮೊಮ್ಮಗಳಿಗೆ)" ಎಂದೆ. ಮತ್ತೆ ಮಾತಾಡಲಿಲ್ಲ, ಅಡಿಕೆ ಕಲೆ ಹಿಡಿದ ಕೈಯಿಂದ ಅಂಗಿಯ ತೋಳು ಮೇಲೆ ಮಾಡಿದರು.

ನಾನು ತಪ್ಪು ಮಾಡಲಿದ್ದದ್ದು ಇನ್ನೊಂದು ಕಡೆ. ಬಾಣಂತನ ಮುಗಿಸಿ ಹುಡುಗಿಯ ಚಿಕ್ಕಮ್ಮ ಐದು ತಿಂಗಳ ಮಗುವಿನೊಂದಿಗೆ ಬಂದಿದ್ದರು. ಪಲ್ಸ್ ಪೋಲಿಯೋ ಭಾನುವಾರ ಕರೆದುಕೊಂಡು ಬನ್ನಿ ಎಂದು ನಾನೇ ಹೇಳಿದ್ದೆ, ಎಲ್ಲಾ ಮನೆಯಲ್ಲೂ ಹೇಳುವ ಹಾಗೆ. ರಾತ್ರಿ ಮಲಗಿದ ಮೇಲೆ ನೆನಪಾಗಿ ಎದೆ ಧಸಕ್ಕೆಂದಿತು. ಆ ಹನಿಯಲ್ಲಿರುವ ಜೀವಂತ ಪೋಲಿಯೋ ವೈರಸ್ ವಾರಗಟ್ಟಲೆ ಮಗುವಿನ ಮಲದಲ್ಲಿ ಬರುತ್ತದೆ. ಮಗುವಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ, ಆದರೆ ಅದೇ ಮನೆಯಲ್ಲಿ ಇವಳಿದ್ದಾಳೆ. ಬೆಳಗ್ಗೆ ಆರಕ್ಕೇ ಫೋನ್ ಮಾಡಿ ಬೇಡ ಎಂದೆ, ಮೆಡಿಕಲ್ ಆಫೀಸರಿಗೆ ಹೇಳಿ ಹನಿಯ ಬದಲು ಇಂಜೆಕ್ಷನ್ನೇ ಸಾಕು ಎಂದು ಬರೆಸಿಕೊಂಡೆ. ಕಸಿಯಾದವರು ಇರುವ ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ದಯವಿಟ್ಟು ಇದನ್ನು ನರ್ಸಿಗೆ ಮೊದಲೇ ಹೇಳಿ.

ನೆರೆಮನೆಯಲ್ಲಿ ಚಿಕನ್‌ಪಾಕ್ಸ್ ಬಂದರೆ ಗುಳ್ಳೆ ಏಳುವವರೆಗೆ ಕಾಯಬೇಡಿ, ಅವತ್ತೇ ಡಾಕ್ಟರಿಗೆ ಫೋನ್ ಮಾಡಿ ಎಂದೂ ಗೋಡೆಯ ಮೇಲೆ ಬರೆದಿಟ್ಟೆ.

2 ವರ್ಷ ಕಳೆದು, ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನಿಂತ ಮೇಲೆ, ಡಾಕ್ಟರ್ ಒಪ್ಪಿಗೆ ಕೊಟ್ಟರು. ಕಳೆದ ತಿಂಗಳು ದಡಾರದ ಲಸಿಕೆಯ ಮೊದಲ ಡೋಸ್ ಹಾಕಿದೆ. ಅಜ್ಜ ಹೊರಗೆ ಜಗಲಿಯಲ್ಲಿ ಕೂತಿದ್ದರು. ಚಿಕನ್‌ಪಾಕ್ಸಿನದಕ್ಕೆ ಇನ್ನೂ ಒಪ್ಪಿಗೆ ಬಂದಿಲ್ಲ.