ರಿಪೇರಿ ಅಂಗಡಿಗೆ ಯಾವ ಸರ್ಟಿಫಿಕೇಟ್? ಮೊದಲು ಜಾಬ್ ಶೀಟ್ ನೋಡಿ

ಸರ್ಟಿಫಿಕೇಟ್ ಇಲ್ಲದಿದ್ದರೂ ಕಂಪ್ಯೂಟರ್ ರಿಪೇರಿ ಅಂಗಡಿ ನಡೆಯುತ್ತದೆ. ಕೈಗುಣ ಚೆನ್ನಾಗಿದ್ದು, ಹೇಳಿದ ದಿನಕ್ಕೆ ಮಷಿನ್ ಕೊಟ್ಟರೆ ಗಿರಾಕಿ ಮತ್ತೆ ಬರುತ್ತಾನೆ. ಹಾಗಿದ್ದೂ ದುಡ್ಡು ಕಟ್ಟಿ, ರಾತ್ರಿ ನಿದ್ದೆಗೆಟ್ಟು ಪರೀಕ್ಷೆ ಬರೆಯುವುದಾದರೆ ಅದರಿಂದ ಮೂರರಲ್ಲಿ ಒಂದಾದರೂ ಕೈಗೆ ಬರಬೇಕು: ಈಗ 'ಆಗಲ್ಲ' ಎಂದು ವಾಪಸ್ ಕಳಿಸುತ್ತಿರುವ ಕೆಲಸ ಮಾಡುವ ತಿಳಿವಳಿಕೆ, ತಯಾರಕ ಕಂಪನಿಯ ಅಸಲಿ ಬಿಡಿಭಾಗ, ಇಲ್ಲವೇ ಸರ್ಟಿಫಿಕೇಟ್ ಕೇಳುವ ಕಚೇರಿಯ ಮೆಂಟೆನೆನ್ಸ್ ಗುತ್ತಿಗೆ. ಮೂರೂ ಇಲ್ಲ ಎಂದರೆ ಅದು ಗೋಡೆಗೆ ಹಾಕುವ ಫ್ರೇಮಿನ ಖರ್ಚು.

ಆದ್ದರಿಂದ ಪರೀಕ್ಷೆಗಳ ಪಟ್ಟಿ ತೆರೆಯುವ ಮೊದಲು ಕಳೆದ ಮೂರು ತಿಂಗಳ ಜಾಬ್ ಶೀಟುಗಳನ್ನು (ಒಂದೊಂದು ರಿಪೇರಿಗೂ ಬರೆದಿಟ್ಟ ಚೀಟಿ) ಮೇಜಿನ ಮೇಲೆ ಹರಡಿ. ಒಂದೊಂದರ ಮೇಲೂ ಎರಡು ಗುರುತು ಹಾಕಿ. ಒಂದು ಕೆಲಸದ ಬಗೆಗೆ: ಬಿಡಿಭಾಗ ಬದಲಿಸಿದ್ದು, ವಿಂಡೋಸ್ ಮತ್ತು ವೈರಸ್, ನೆಟ್‌ವರ್ಕ್, ಚಿಪ್ ಲೆವೆಲ್ (ಬೋರ್ಡಿನ ಮೇಲಿನ ಬಿಡಿ ಚಿಪ್ಪುಗಳ ರಿಪೇರಿ), ಡೇಟಾ. ಇನ್ನೊಂದು ಗಿರಾಕಿಯ ಬಗೆಗೆ: ಮನೆಯವರೋ, ಸಣ್ಣ ಕಚೇರಿಯೋ, ದೊಡ್ಡ ಸಂಸ್ಥೆಯೋ. ಬೇರೆಯವರಿಗೆ ದಾಟಿಸಿದ, ಒಪ್ಪಿಕೊಳ್ಳದೆ ಬಿಟ್ಟ, ಸರಿಮಾಡಿ ಕೊಟ್ಟ ಮೇಲೂ ತಿರುಗಿ ಬಂದ ಕೆಲಸಗಳನ್ನು ಬೇರೆಯೇ ಗುಡ್ಡೆ ಹಾಕಿ. ಈ ಕೊನೆಯ ಗುಡ್ಡೆಯನ್ನೇ ಗಮನವಿಟ್ಟು ನೋಡಬೇಕು. ಹತ್ತು ಲ್ಯಾಪ್‌ಟಾಪ್ ಬೋರ್ಡ್‌ಗಳು ಹೊರಗೆ ಹೋಗಿದ್ದರೆ ನೆಟ್‌ವರ್ಕಿಂಗ್ ಪರೀಕ್ಷೆಯಿಂದ ಏನೂ ಬದಲಾಗುವುದಿಲ್ಲ. ಕಚೇರಿಯವರು 'ನಿಮ್ಮ ಹುಡುಗರಿಗೆ ಸರ್ಟಿಫಿಕೇಟ್ ಇದೆಯಾ' ಎಂದು ಕೇಳಿ ಸುಮ್ಮನಾಗಿದ್ದರೆ ಆ ಪ್ರಶ್ನೆಯನ್ನೂ ಶೀಟಿನ ಮೇಲೆ ಬರೆದಿಡಿ. ಮುಂದೆ ಪರೀಕ್ಷೆ ಆರಿಸುವಾಗ ಅದೇ ದಾರಿ ತೋರಿಸುತ್ತದೆ.

ಎ ಪ್ಲಸ್: ಹೆಚ್ಚಿನವರಿಗೆ ಇದೇ ಮೊದಲು

ಐಟಿ ಕೆಲಸಗಾರರಿಗೆ ಪರೀಕ್ಷೆ ನಡೆಸುವ ಕಾಂಪ್‌ಟಿಯಾ ಸಂಸ್ಥೆಯ ಎ ಪ್ಲಸ್ ಸರ್ಟಿಫಿಕೇಟ್ 1993ರಿಂದ ನಡೆಯುತ್ತಿದೆ. ಯಾವ ಕಂಪನಿಯ ಮಷಿನಿಗೂ ಅಂಟಿಕೊಂಡಿಲ್ಲದಿರುವುದು ಇದರ ದೊಡ್ಡ ಅನುಕೂಲ. ಎರಡು ಪರೀಕ್ಷೆಗಳಿವೆ: ಕೋರ್ 1 ಮತ್ತು ಕೋರ್ 2. ಒಂದೊಂದಕ್ಕೂ 90 ನಿಮಿಷ, ಹೆಚ್ಚೆಂದರೆ 90 ಪ್ರಶ್ನೆ. ಅಂಕಗಳು 100ರಿಂದ 900ರ ಅಳತೆಯಲ್ಲಿ ಬರುತ್ತವೆ. ಮೊದಲನೆಯದಕ್ಕೆ 675, ಎರಡನೆಯದಕ್ಕೆ 700 ಬಂದರೆ ಪಾಸು. ಅಳತೆ ಸೊನ್ನೆಯಿಂದ ಶುರುವಾಗುವುದಿಲ್ಲವಾದ್ದರಿಂದ 675 ಎಂದರೆ ನೂರಕ್ಕೆ ಎಪ್ಪತ್ತೈದು ಸರಿಯುತ್ತರ ಎಂದು ಲೆಕ್ಕ ಹಾಕಬೇಡಿ.

2025ರ ಮಾರ್ಚ್‌ನಲ್ಲಿ 220-1201 ಮತ್ತು 220-1202 ಸರಣಿ ಬಂತು, ಹಿಂದಿನ 1101 ಮತ್ತು 1102 ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ನಿಂತವು. ಎರಡೂ ಪರೀಕ್ಷೆ ಒಂದೇ ಸರಣಿಯವಾಗಿರಬೇಕು, ಹಳೆಯ ಕೋರ್ 1ಕ್ಕೆ ಹೊಸ ಕೋರ್ 2 ಜೋಡಿಯಾಗುವುದಿಲ್ಲ. ಮೊದಲನೆಯದನ್ನು ಪಾಸು ಮಾಡಿಕೊಂಡು, 'ಸೀಸನ್ ಮುಗೀಲಿ, ಆಮೇಲೆ ನೋಡೋಣ' ಎಂದು ಎರಡನೆಯದನ್ನು ಮುಂದೂಡುತ್ತ ಹೋದರೆ, ಅಷ್ಟರಲ್ಲಿ ಸರಣಿಯೇ ನಿಂತು ಮೊದಲಿನ ಪಾಸು ಪೋಲಾಗುತ್ತದೆ. ಎರಡರ ನಡುವೆ ಆರೆಂಟು ವಾರಕ್ಕಿಂತ ಹೆಚ್ಚು ಬಿಡಬೇಡಿ. ಪುಸ್ತಕ ಕೊಳ್ಳುವಾಗ ಮುಖಪುಟದ ಸರಣಿ ಸಂಖ್ಯೆ ನೋಡಿ. ಅಗ್ಗಕ್ಕೆ ಸಿಗುವ ಪುಸ್ತಕ ಸಾಮಾನ್ಯವಾಗಿ ಹಳೆಯ ಸರಣಿಯದು.

ಕೋರ್ 1ರಲ್ಲಿ ಹಾರ್ಡ್‌ವೇರ್, ಮೊಬೈಲ್ ಸಾಧನ, ನೆಟ್‌ವರ್ಕ್, ವರ್ಚುವಲೈಸೇಶನ್ (ಒಂದೇ ಮಷಿನಿನಲ್ಲಿ ಹಲವು ಮಷಿನ್ ನಡೆಸುವುದು), ಕ್ಲೌಡ್ ಮತ್ತು ದೋಷ ಹುಡುಕುವ ಕ್ರಮ ಇವೆ. ಕೋರ್ 2ರಲ್ಲಿ ಆಪರೇಟಿಂಗ್ ಸಿಸ್ಟಂ, ಭದ್ರತೆ, ಸಾಫ್ಟ್‌ವೇರ್ ತೊಂದರೆ ಮತ್ತು ಕೆಲಸದ ವಿಧಾನ. ವರ್ಷಗಟ್ಟಲೆ ಬೆಂಚಿನ ಮೇಲೆ ಪಳಗಿದವರು ರ‍್ಯಾಮ್, ಪವರ್ ಸಪ್ಲೈ, ಡಿಸ್ಕ್ ವಿಷಯದಲ್ಲಿ ಎಡವುವುದು ಕಡಿಮೆ. ಅವರಿಗೆ ಅಂಕ ಹೋಗುವ ಜಾಗಗಳೇ ಬೇರೆ.

ಮೊದಲನೆಯದು ಕ್ರಮದ ಪ್ರಶ್ನೆ. ದೋಷ ಹುಡುಕುವುದಕ್ಕೆ ಪರೀಕ್ಷೆ ಆರು ಹೆಜ್ಜೆ ಇಟ್ಟುಕೊಂಡಿದೆ: ತೊಂದರೆ ಏನೆಂದು ಗುರುತಿಸು, ಸಂಭವನೀಯ ಕಾರಣ ಊಹಿಸು, ಊಹೆಯನ್ನು ಪರೀಕ್ಷಿಸು, ಯೋಜನೆ ಮಾಡಿ ಸರಿಪಡಿಸು, ಎಲ್ಲವೂ ಕೆಲಸ ಮಾಡುತ್ತಿದೆಯೇ ನೋಡು, ಬರೆದಿಡು. 'ಮುಂದೆ ಏನು ಮಾಡಬೇಕು' ಎಂಬ ಪ್ರಶ್ನೆಗೆ ಅನುಭವಿ ಮೆಕ್ಯಾನಿಕ್ ನೇರವಾಗಿ 'ಎಸ್‌ಎಂಪಿಎಸ್ (ಪವರ್ ಸಪ್ಲೈ) ಬದಲಿಸು' ಎಂಬ ಉತ್ತರ ಒತ್ತುತ್ತಾನೆ. ಬೆಂಚಿನ ಮೇಲೆ ಅದು ಸರಿಯೂ ಇರಬಹುದು. ಪರೀಕ್ಷೆ ಮಾತ್ರ ಗಿರಾಕಿಯನ್ನು ಇನ್ನೊಂದು ಪ್ರಶ್ನೆ ಕೇಳುವುದನ್ನು ಬಯಸಿರುತ್ತದೆ. ಪ್ರಶ್ನೆಯಲ್ಲಿ ಹೇಳಿದ ಕಥೆ ಆರರಲ್ಲಿ ಎಷ್ಟನೇ ಹೆಜ್ಜೆಯಲ್ಲಿ ನಿಂತಿದೆ ಎಂದು ಮೊದಲು ಗುರುತಿಸಿ, ಆಮೇಲೆ ಉತ್ತರಗಳನ್ನು ಓದಿ.

ಎರಡನೆಯದು ಮಾಲ್‌ವೇರ್ ತೆಗೆಯುವ ಕ್ರಮ. ಮಷಿನನ್ನು ನೆಟ್‌ವರ್ಕಿನಿಂದ ಬೇರ್ಪಡಿಸಿದ ಮೇಲೆ, ಸ್ಕ್ಯಾನ್ ಮಾಡುವ ಮೊದಲು, ವಿಂಡೋಸನ್ನು ಹಿಂದಿನ ಸ್ಥಿತಿಗೆ ತರುವ ಸಿಸ್ಟಂ ರಿಸ್ಟೋರ್ ನಿಲ್ಲಿಸಬೇಕು. ಇಲ್ಲದಿದ್ದರೆ ಸೋಂಕು ತಗುಲಿದ ಫೈಲು ರಿಸ್ಟೋರ್ ಪಾಯಿಂಟಿನಲ್ಲಿ ಉಳಿದುಕೊಂಡು ಮುಂದೊಂದು ದಿನ ವಾಪಸ್ ಬರುತ್ತದೆ. ಶುದ್ಧವಾದ ಮೇಲೆ ಮತ್ತೆ ಚಾಲೂ ಮಾಡಿ ಹೊಸ ಪಾಯಿಂಟ್ ಇಡಬೇಕು. ಕೊನೆಯ ಹೆಜ್ಜೆ ಬಳಕೆದಾರರಿಗೆ ತಿಳಿಹೇಳುವುದು. ಇದನ್ನು ಮಾಡುವ ಅಂಗಡಿಗಳು ಕಡಿಮೆ, ಅದೇ ಮಷಿನ್ ಅದೇ ವೈರಸ್ಸಿನೊಂದಿಗೆ ತಿರುಗಿ ಬರುವುದಕ್ಕೆ ಅದೂ ಒಂದು ಕಾರಣ.

ಮೂರನೆಯದು ಬಾಯಿಪಾಠ. ಲೇಸರ್ ಪ್ರಿಂಟರಿನ ಏಳು ಹಂತ: ಪ್ರೊಸೆಸಿಂಗ್, ಚಾರ್ಜಿಂಗ್, ಎಕ್ಸ್‌ಪೋಸಿಂಗ್, ಡೆವಲಪಿಂಗ್, ಟ್ರಾನ್ಸ್‌ಫರಿಂಗ್, ಫ್ಯೂಸಿಂಗ್, ಕ್ಲೀನಿಂಗ್. ಮುದ್ರಿಸಿದ ಹಾಳೆಯಿಂದ ಬೆರಳಿಗೆ ಪುಡಿ ಅಂಟಿದರೆ ತೊಂದರೆ ಫ್ಯೂಸರಿನಲ್ಲಿ (ಪುಡಿಯನ್ನು ಕಾಯಿಸಿ ಹಾಳೆಗೆ ಅಂಟಿಸುವ ಭಾಗ), ಒಂದೇ ಅಂತರದಲ್ಲಿ ಗುರುತು ಮರುಕಳಿಸಿದರೆ ಡ್ರಮ್ ಅಥವಾ ರೋಲರ್. ಪೋರ್ಟುಗಳೂ (ನೆಟ್‌ವರ್ಕಿನಲ್ಲಿ ಒಂದೊಂದು ಸೇವೆಗೂ ಇರುವ ಸಂಖ್ಯೆ) ಹಾಗೆಯೇ: ವೆಬ್ ಹೆಸರಿಗೆ ವಿಳಾಸ ಹುಡುಕುವ ಡಿಎನ್‌ಎಸ್ 53, ಮಷಿನುಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿ 67 ಮತ್ತು 68, ಫೈಲ್ ಶೇರಿಂಗ್ 445, ರಿಮೋಟ್ ಡೆಸ್ಕ್‌ಟಾಪ್ 3389. ದಿನಕ್ಕೆ ಐದರಂತೆ ಚೀಟಿ ಮಾಡಿ ಬೆಂಚಿಗೆ ಅಂಟಿಸಿಕೊಂಡರೆ ಎರಡು ವಾರದಲ್ಲಿ ಮುಗಿಯುತ್ತದೆ.

ಪರೀಕ್ಷೆಯ ಹೊತ್ತಿನಲ್ಲಿ ಹೆಚ್ಚಿನವರು ಸಿಕ್ಕಿಬೀಳುವುದು ಮಾಡಿ ತೋರಿಸುವ ಪ್ರಶ್ನೆಗಳಲ್ಲಿ. ತೆರೆಯ ಮೇಲೆ ಕೇಬಲ್ ಜೋಡಿಸು, ರೂಟರ್ ಹೊಂದಿಸು ಎನ್ನುವ ಇವು ಸಾಮಾನ್ಯವಾಗಿ ಶುರುವಿನಲ್ಲೇ ಎದುರಾಗುತ್ತವೆ. ಒಂದಕ್ಕೆ ಹತ್ತು ನಿಮಿಷ ಹೋದದ್ದೇ ಗೊತ್ತಾಗುವುದಿಲ್ಲ. ಗುರುತು ಹಾಕಿ ಮುಂದೆ ಹೋಗಿ, ಉಳಿದದ್ದೆಲ್ಲ ಮುಗಿಸಿ, ಕಡೆಗೆ 25 ನಿಮಿಷವಾದರೂ ಇಟ್ಟುಕೊಂಡು ವಾಪಸ್ ಬನ್ನಿ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಯಾವುದನ್ನೂ ಖಾಲಿ ಬಿಡಬೇಡಿ. ಫೇಲಾದರೆ ಎರಡನೇ ಸಲಕ್ಕೆ ಕಾಯಬೇಕಿಲ್ಲ, ಮೂರನೇ ಸಲಕ್ಕೆ 14 ದಿನ ಕಾಯಬೇಕು. ಪ್ರತಿ ಸಲವೂ ಪೂರ್ತಿ ಶುಲ್ಕ, ಅದನ್ನು ಮೊದಲೇ ಲೆಕ್ಕದಲ್ಲಿಡಿ.

'ಅಸಲಿ ಪ್ರಶ್ನೆಪತ್ರಿಕೆ' ಎಂದು ಮಾರುವ ಡಂಪ್‌ಗಳ ತಂಟೆ ಬೇಡ. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ, ಮುಂದಿನ ಪರೀಕ್ಷೆಗೂ ತಡೆ ಬೀಳಬಹುದು. ಅವುಗಳಲ್ಲಿನ ಉತ್ತರಗಳೂ ಎಷ್ಟೋ ಕಡೆ ತಪ್ಪು.

ತಯಾರಕರ ಸರ್ಟಿಫಿಕೇಟ್: ಕರಾರನ್ನು ಮೊದಲು ಓದಿ

ಅಸಲಿ ಬಿಡಿಭಾಗ ಬೇಕೆನ್ನುವವರು ಇಲ್ಲಿಗೆ ಬರಬೇಕು. ಆದರೆ ಹೆಚ್ಚಿನವರು ಇಲ್ಲೊಂದು ತಪ್ಪು ತಿಳಿದಿರುತ್ತಾರೆ. ಪರೀಕ್ಷೆ ಪಾಸಾಗುವುದು ಟೆಕ್ನಿಷಿಯನ್, ಬಿಡಿಭಾಗ ಸಿಗುವುದು ಕರಾರು ಮಾಡಿಕೊಂಡ ಅಂಗಡಿಗೆ. ಒಂದಿದ್ದರೆ ಇನ್ನೊಂದು ತಾನಾಗಿ ಬರುವುದಿಲ್ಲ.

ಆ್ಯಪಲ್ ವಿಷಯದಲ್ಲಿ ಎರಡು ದಾರಿ. ವಾರಂಟಿ ಕೆಲಸ ಅಧಿಕೃತ ಸೇವಾ ಕೇಂದ್ರಗಳದ್ದು. ವಾರಂಟಿ ಮುಗಿದ ಸಾಧನಗಳಿಗೆ ಅಸಲಿ ಭಾಗ, ಉಪಕರಣ ಮತ್ತು ಕೈಪಿಡಿ ಕೊಡುವ ಸ್ವತಂತ್ರ ರಿಪೇರಿ ಯೋಜನೆ 2019ರಲ್ಲಿ ಅಮೆರಿಕದಲ್ಲಿ ಶುರುವಾಗಿ ಆಮೇಲೆ ಬೇರೆ ದೇಶಗಳಿಗೂ ಹಬ್ಬಿತು. ಅದಕ್ಕೆ ಸೇರಲು ಆ್ಯಪಲ್ ಸರ್ಟಿಫಿಕೇಟ್ ಇರುವ ಟೆಕ್ನಿಷಿಯನ್ ಅಂಗಡಿಯಲ್ಲಿರಬೇಕು. ಸಹಿ ಹಾಕುವ ಮೊದಲು ಕರಾರಿನಲ್ಲಿ ತಪಾಸಣೆ, ದಾಖಲೆ, ನಕಲಿ ಬಿಡಿಭಾಗದ ಬಗ್ಗೆ ಏನಿದೆ ಎಂದು ಸಾಲುಸಾಲಾಗಿ ಓದಿ. ಬೇರೆ ಕಂಪನಿಯ ಭಾಗವನ್ನೂ ಹಾಕಿಕೊಡುವ ಅಂಗಡಿಗೆ ಕೆಲವು ಷರತ್ತು ಬಿಗಿಯಾಗಬಹುದು.

ಡೆಲ್ ಕಂಪನಿಯ ಟೆಕ್‌ಡೈರೆಕ್ಟ್ ಎಂಬ ಆನ್‌ಲೈನ್ ಸೇವೆಯಲ್ಲಿ ತರಬೇತಿ ಮುಗಿಸಿದ ಟೆಕ್ನಿಷಿಯನ್ ವಾರಂಟಿಯಲ್ಲಿರುವ ಮಷಿನಿಗೆ ಭಾಗವನ್ನು ತಾನೇ ತರಿಸಿಕೊಳ್ಳಬಹುದು. ನೂರಾರು ಡೆಲ್ ಮಷಿನ್ ಇರುವ ಸಂಸ್ಥೆಯನ್ನು ನೋಡಿಕೊಳ್ಳುವವರಿಗೆ ಇದು ಲಾಭ, ತಿಂಗಳಿಗೆ ಒಂದೆರಡು ಬರುವ ಅಂಗಡಿಗೆ ಸುಮ್ಮನೆ ತಲೆನೋವು. ಯಾವ ಬ್ರ್ಯಾಂಡ್ ಆದರೂ ಲೆಕ್ಕ ಇದೇ: ಜಾಬ್ ಶೀಟುಗಳಲ್ಲಿ ಆ ಹೆಸರು ಎಷ್ಟು ಸಲ ಬಂದಿದೆ?

ವಿಂಡೋಸ್, ನೆಟ್‌ವರ್ಕ್, ಭದ್ರತೆ

ಮನೆಗಳ ವಿಂಡೋಸ್ ಕೆಲಸಕ್ಕೆ ಮೈಕ್ರೋಸಾಫ್ಟ್ ಸರ್ಟಿಫಿಕೇಟ್ ಬೇಕಿಲ್ಲ. ಕಚೇರಿಗಳ ಮಷಿನುಗಳನ್ನು ಮೈಕ್ರೋಸಾಫ್ಟಿನದೇ ಇಂಟ್ಯೂನ್ ಎಂಬ ಸೇವೆಯಲ್ಲಿ ದೂರದಿಂದಲೇ ಒಟ್ಟಿಗೆ ನಿಭಾಯಿಸುವವರಿಗೆ ಎಂಡಿ-102 ಎಂಬ ಪರೀಕ್ಷೆ ಇದೆ. ಇದರ ಸರ್ಟಿಫಿಕೇಟಿನ ಅವಧಿ ಒಂದೇ ವರ್ಷ, ಆದರೆ ಅವಧಿ ಮುಗಿಯುವ ಮುಂಚಿನ ಆರು ತಿಂಗಳಲ್ಲಿ ಆನ್‌ಲೈನಿನಲ್ಲೇ ಉಚಿತವಾಗಿ ನವೀಕರಿಸಬಹುದು. ದಿನ ತಪ್ಪಿದರೆ ಪೂರ್ತಿ ಪರೀಕ್ಷೆ ಮತ್ತೆ. ಮೈಕ್ರೋಸಾಫ್ಟಿನ ಹಳೆಯ ಸರ್ಟಿಫಿಕೇಟುಗಳಾದ ಎಂಸಿಎಸ್‌ಎ, ಎಂಟಿಎ ಕಲಿಸುತ್ತೇವೆ ಎನ್ನುವ ತರಬೇತಿ ಕೇಂದ್ರ ಕಂಡರೆ ಒಳಗೆ ಹೋಗಬೇಡಿ. ಎಂಸಿಎಸ್‌ಎ 2021ರಲ್ಲಿ, ಎಂಟಿಎ 2022ರಲ್ಲಿ ಮುಗಿದ ಕಥೆ.

ಸಣ್ಣ ಕಚೇರಿಗಳ ವೈಫೈ, ಸ್ವಿಚ್, ಕೇಬಲ್ ಕೆಲಸ ಹೆಚ್ಚಾಗಿದ್ದರೆ ಎ ಪ್ಲಸ್ ಆದ ಮೇಲೆ ಕಾಂಪ್‌ಟಿಯಾದ್ದೇ ನೆಟ್‌ವರ್ಕ್ ಪ್ಲಸ್. ಸಿಸ್ಕೋದ ಸಿಸಿಎನ್‌ಎ ಹೆಚ್ಚು ಆಳಕ್ಕೆ ಹೋಗುತ್ತದೆ, ಆದರೆ ರಿಪೇರಿ ಅಂಗಡಿಗೆ ಅದು ಬಹುಪಾಲು ಅತಿಯಾಯಿತು. ಆಸ್ಪತ್ರೆ, ಲೆಕ್ಕಪರಿಶೋಧಕರು, ಸರ್ಕಾರಿ ಕಚೇರಿ ಗಿರಾಕಿಗಳಾಗಿದ್ದರೆ ಕಾಂಪ್‌ಟಿಯಾದ ಭದ್ರತೆಯ ಪರೀಕ್ಷೆ ಸೆಕ್ಯುರಿಟಿ ಪ್ಲಸ್‌ಗೆ ಬೆಲೆಯಿದೆ.

ಚಿಪ್ ಲೆವೆಲ್ ಮತ್ತು ಡೇಟಾ

ಎ ಪ್ಲಸ್ ಬೋರ್ಡನ್ನು ಒಂದು ಇಡೀ ಭಾಗವಾಗಿ ನೋಡುತ್ತದೆ: ಕೆಟ್ಟರೆ ಬದಲಿಸು. ಶಾರ್ಟ್ ಆದ ಕೆಪ್ಯಾಸಿಟರ್ ಹುಡುಕುವುದು, ಬಿಜಿಎ (ಅಡಿಯಲ್ಲಿ ಬೆಸುಗೆಯ ಗುಂಡುಗಳಿರುವ ಚಿಪ್) ಎತ್ತಿ ಕೂರಿಸುವುದು ಅದರಲ್ಲಿಲ್ಲ. ಎಲೆಕ್ಟ್ರಾನಿಕ್ಸ್ ಉದ್ಯಮ ಒಪ್ಪಿರುವ ಮಾನದಂಡ ಐಪಿಸಿ-7711/7721. ಬೋರ್ಡಿನ ಮರುಕೆಲಸ ಮತ್ತು ದುರಸ್ತಿಗೆಂದೇ ಇರುವ ಇದರಲ್ಲಿ ಕೈಯಲ್ಲಿ ಮಾಡಿ ತೋರಿಸಬೇಕು: ಭಾಗ ತೆಗೆದು ಹಾಕುವುದು, ಕಿತ್ತುಹೋದ ಪ್ಯಾಡ್ ಮತ್ತು ಟ್ರ್ಯಾಕ್ ಸರಿಮಾಡುವುದು. ಎರಡು ವರ್ಷಕ್ಕೊಮ್ಮೆ ಮತ್ತೆ ಸರ್ಟಿಫಿಕೇಟ್ ಪಡೆಯಬೇಕು. ಆದರೆ ಇದು ಕೈಗೆ ಕಲಿಸುತ್ತದೆ, ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ಓದಿ ವೋಲ್ಟೇಜ್ ರೈಲ್ (ವಿದ್ಯುತ್ ಹರಿಯುವ ದಾರಿ) ಹಿಂದೆ ಹೋಗುವ ಬುದ್ಧಿಗೆ ಅಲ್ಲ. ಬೋರ್ಡುಗಳು ವಾಪಸ್ ಬರುತ್ತಿರುವುದು ಬೆಸುಗೆ ಬಿಟ್ಟುಕೊಂಡೋ, ದೋಷ ತಪ್ಪಾಗಿ ಗುರುತಿಸಿಯೋ ಎಂದು ಶೀಟಿನಲ್ಲೇ ತಿಳಿಯುತ್ತದೆ. ಎರಡನೆಯದಾದರೆ ಈ ಕೋರ್ಸಿನಿಂದ ಉಪಯೋಗವಿಲ್ಲ, ಒಳ್ಳೆಯ ಗುರುವಿನ ಬೆಂಚಿನ ಪಕ್ಕ ಕೂರುವುದೇ ವಾಸಿ.

ಹಳೆಯ ಡಿಸ್ಕ್ ಅಳಿಸಿಕೊಡುವ, ಕಂಪ್ಯೂಟರ್ ವಿಲೇವಾರಿ ಮಾಡುವ ಕೆಲಸಕ್ಕೆ ಬೇಕಾಗುವುದು ವ್ಯಕ್ತಿಯ ಸರ್ಟಿಫಿಕೇಟಲ್ಲ, ಸಂಸ್ಥೆಯದು: ಡೇಟಾ ನಾಶಕ್ಕೆ ಎನ್‌ಎಐಡಿ ಎಎಎ, ಇ-ತ್ಯಾಜ್ಯಕ್ಕೆ ಆರ್2 ಅಥವಾ ಇ-ಸ್ಟೀವರ್ಡ್ಸ್. ಮೂರಕ್ಕೂ ಹೊರಗಿನವರ ಆಡಿಟ್ ಇದೆ, ಸಣ್ಣ ಅಂಗಡಿಗೆ ಅದು ಭಾರ. ಅದು ಸಿಗುವವರೆಗೆ ಅಮೆರಿಕದ ಮಾನದಂಡ ಸಂಸ್ಥೆ ಎನ್‌ಐಎಸ್‌ಟಿಯ 800-88 ಮಾರ್ಗಸೂಚಿಯಂತೆ ಅಳಿಸಿ, ಸೀರಿಯಲ್ ನಂಬರ್ ಮತ್ತು ವಿಧಾನ ಬರೆದ ಚೀಟಿ ಕೊಟ್ಟರೆ ಬಹಳಷ್ಟು ಗಿರಾಕಿಗಳಿಗೆ ಸಾಕು. ಎಸ್‌ಎಸ್‌ಡಿ ಮೇಲೆ ಸೊನ್ನೆ ಬರೆದು ಮುಗಿಯಿತೆನ್ನಬೇಡಿ. ಅದರೊಳಗೆ ಕಂಪ್ಯೂಟರಿಗೆ ಕಾಣದ ಮೀಸಲು ಜಾಗವಿರುತ್ತದೆ, ಡ್ರೈವಿನದೇ ಸ್ಯಾನಿಟೈಸ್ ಅಥವಾ ಸೆಕ್ಯೂರ್ ಇರೇಸ್ ಆದೇಶ ಬಳಸಬೇಕು.

ನವೀಕರಣ ಮತ್ತು ಅಂಗಡಿ ಬೋರ್ಡಿನ ಮೇಲಿನ ಬರಹ

ಎ ಪ್ಲಸ್, ನೆಟ್‌ವರ್ಕ್ ಪ್ಲಸ್, ಸೆಕ್ಯುರಿಟಿ ಪ್ಲಸ್ ಮೂರೂ ಮೂರು ವರ್ಷದವು. ಮುಂದುವರಿಸಲು ಕ್ರಮವಾಗಿ 20, 30, 50 ಕಲಿಕಾ ಅಂಕ ಕೂಡಿಸಬೇಕು, ಅದಕ್ಕೆ ಶುಲ್ಕವೂ ಇದೆ. ಮೇಲಿನದನ್ನು ಪಾಸು ಮಾಡಿದರೆ ಕೆಳಗಿನದು ತಾನಾಗಿ ನವೀಕರಣವಾಗುತ್ತದೆ. ಆದ್ದರಿಂದ ಎ ಪ್ಲಸ್ ಆದ ಎರಡೂವರೆ ವರ್ಷಕ್ಕೆ ನೆಟ್‌ವರ್ಕ್ ಪ್ಲಸ್ ಬರೆದರೆ ಅಂಕ ಹುಡುಕಿಕೊಂಡು ಅಲೆಯಬೇಕಿಲ್ಲ.

ಎ ಪ್ಲಸ್ ಇದ್ದ ಮಾತ್ರಕ್ಕೆ ಅಂಗಡಿ ಬೋರ್ಡಿನ ಮೇಲೆ 'ಅಧಿಕೃತ ಸೇವಾ ಕೇಂದ್ರ' ಎಂದು ಬರೆಯುವಂತಿಲ್ಲ. ಆ ಮಾತು ತಯಾರಕರ ಕರಾರು ಇರುವವರದು, ಉಳಿದವರು ಬರೆದರೆ ನೋಟಿಸ್ ಬರಬಹುದು. 'ನಮ್ಮಲ್ಲಿ ಎ ಪ್ಲಸ್ ಪಡೆದ ಟೆಕ್ನಿಷಿಯನ್ ಇದ್ದಾರೆ' ಎಂದರೆ ಸಾಕು. ಲೋಗೋ ಬಳಸುವ ಮೊದಲು ಸಂಸ್ಥೆಯ ನಿಯಮ ಓದಿ. ಕೊಟೇಶನ್ನಿನ ಕೆಳಗೆ ಸರ್ಟಿಫಿಕೇಟಿನ ಪರಿಶೀಲನೆ ಕೋಡ್ ಹಾಕಿದರೆ ಕಚೇರಿಯವರು ತಾವೇ ತಾಳೆ ನೋಡಿಕೊಳ್ಳುತ್ತಾರೆ.

ಸರ್ಟಿಫಿಕೇಟ್ ಹುಡುಗನ ಹೆಸರಲ್ಲಿರುತ್ತದೆ, ಅವನು ಕೆಲಸ ಬಿಟ್ಟರೆ ಅದೂ ಅವನ ಜೊತೆ ಹೋಗುತ್ತದೆ. ಪರೀಕ್ಷಾ ಶುಲ್ಕ ಅಂಗಡಿಯೇ ಕಟ್ಟುವುದಾದರೆ ಎಷ್ಟು ಕಾಲ ಉಳಿಯಬೇಕು, ಬೇಗ ಬಿಟ್ಟರೆ ಶುಲ್ಕದ ಗತಿಯೇನು ಎಂಬುದನ್ನು ಮೊದಲೇ ಬರೆದುಕೊಳ್ಳಿ. ಗುತ್ತಿಗೆಯಲ್ಲಿ 'ಸರ್ಟಿಫಿಕೇಟ್ ಇರುವ ಒಬ್ಬರು ಇರಬೇಕು' ಎಂಬ ಷರತ್ತಿದ್ದರೆ ಅದೇ ಪರೀಕ್ಷೆಯನ್ನು ಎರಡನೆಯವರಿಂದಲೂ ಬರೆಸಿ. ಮೊದಲನೆಯವರ ಅವಧಿ ಮುಗಿಯುವ ತಾರೀಖನ್ನು ಗುತ್ತಿಗೆ ಮುಗಿಯುವ ತಾರೀಖಿನ ಪಕ್ಕದಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.