ನೀರಿನ ಚೊಂಬು ಕುರ್ಚಿಯ ಪಕ್ಕ ಬೇಡ

ನಮ್ಮ ಮನೆಯಲ್ಲಿ ಈಗ ಐದು ನೀರಿನ ಬಾಟಲಿಗಳಿವೆ. ಒಂದಕ್ಕೆ ಗೆರೆ ಎಳೆದು ಏಳು ಗಂಟೆ, ಒಂಬತ್ತು ಗಂಟೆ, ಹನ್ನೊಂದು ಗಂಟೆ ಅಂತ ಬರೆದಿದೆ. ಒಂದಕ್ಕೆ ಸ್ಟ್ರಾ ಇದೆ. ಇನ್ನೊಂದು ಭೀಮನ ಗದೆಯಷ್ಟು ದಪ್ಪ, ಎರಡು ಲೀಟರ್ ಹಿಡಿಯುತ್ತದೆ. ಅದು ನನ್ನ ಮೊಮ್ಮಗನದು. ಬೆಳಿಗ್ಗೆ ತುಂಬಿಸಿ ಲ್ಯಾಪ್‌ಟಾಪ್ ಪಕ್ಕ ಇಟ್ಟುಕೊಂಡು ಕೂರುತ್ತಾನೆ. ಮಧ್ಯಾಹ್ನ ನಾನು ಕಸ ಗುಡಿಸಲು ಹೋದಾಗಲೂ ಅದು ಕತ್ತಿನ ತನಕ ತುಂಬಿಕೊಂಡೇ ನಿಂತಿರುತ್ತದೆ. ರಾತ್ರಿ ಒಂಬತ್ತೂವರೆಗೆ ಅವನಿಗೆ ಜ್ಞಾಪಕ ಬರುತ್ತದೆ. "ಅಜ್ಜಿ, ಇವತ್ತಿನ ಟಾರ್ಗೆಟ್ ಬಾಕಿ ಇದೆ" ಅಂತ ಗಟಗಟ ಕುಡಿದು ಮುಗಿಸುತ್ತಾನೆ. ಆಮೇಲೆ ರಾತ್ರಿಯೆಲ್ಲ ಮೂರು ಸಲ ಬಚ್ಚಲುಮನೆಯ ದೀಪ ಹತ್ತುತ್ತದೆ. ಬೆಳಿಗ್ಗೆ ನಿದ್ದೆ ಆಗಿಲ್ಲ ಅಂತ ಮುಖ ಊದಿಸಿಕೊಂಡು ಕೂತಿರುತ್ತಾನೆ. ನೀರು ಕುಡಿಯುವುದು ಸಾಲ ತೀರಿಸಿದ ಹಾಗಲ್ಲ ಕಣೋ ಅಂತ ಹೇಳಿ ಹೇಳಿ ನನ್ನ ಗಂಟಲೇ ಒಣಗಿದೆ.

ಹೊಟ್ಟೆ ಏನು ತಾರಸಿ ಮೇಲಿನ ಟ್ಯಾಂಕೇ, ರಾತ್ರಿ ತುಂಬಿಸಿಟ್ಟರೆ ಮರುದಿನ ಸಂಜೆಯವರೆಗೆ ಬರುವುದಕ್ಕೆ? ಹೆಚ್ಚಾದ ನೀರನ್ನು ಕಿಡ್ನಿ ಆಗಿಂದಾಗಲೇ ಹೊರಗೆ ಹಾಕುತ್ತದೆ. ಅದರ ಕೈಲಿ ಆಗುವುದೂ ಇಷ್ಟೇ ಅಂತ ಇದೆ, ಗಂಟೆಗೆ ಹೆಚ್ಚೆಂದರೆ ಒಂದು ಲೀಟರಿನ ಆಸುಪಾಸು. ಅದನ್ನು ಮೀರಿ ಒಂದೇ ಸಮನೆ ಸುರಿದುಕೊಂಡರೆ ರಕ್ತದಲ್ಲಿರುವ ಉಪ್ಪಿನಂಶ ತೆಳ್ಳಗಾಗಿ ತಲೆನೋವು, ವಾಂತಿ ಶುರುವಾಗುತ್ತದೆ. ತೀರಾ ಅತಿಯಾದರೆ ಜೀವಕ್ಕೇ ಕುತ್ತು. ಪಂದ್ಯ ಕಟ್ಟಿ ನೀರು ಕುಡಿಯುವ ಹುಡುಗರಿಗೆ ಇದನ್ನು ಯಾರಾದರೂ ಹೇಳಬೇಕಲ್ಲ.

ಇನ್ನು ಆ ಎಂಟು ಲೋಟದ ಲೆಕ್ಕ. ಯಾರನ್ನು ಕೇಳಿದರೂ ಎಂಟು ಲೋಟ ಅಂತಾರೆ, ಯಾಕೆ ಎಂಟು ಅಂತ ಕೇಳಿದರೆ ಸುಮ್ನೆ ನಗುತ್ತಾರೆ. 1945ರಲ್ಲಿ ಅಮೆರಿಕದ ಆಹಾರ ತಜ್ಞರ ಮಂಡಳಿಯೊಂದು ದೊಡ್ಡವರಿಗೆ ದಿನಕ್ಕೆ ಸುಮಾರು ಎರಡೂವರೆ ಲೀಟರ್ ನೀರು ಬೇಕು ಅಂತ ಬರೆಯಿತು. ಬೆನ್ನಿಗೇ, ಅದರಲ್ಲಿ ಬಹುಪಾಲು ತಿನ್ನುವ ಆಹಾರದಲ್ಲೇ ಸಿಗುತ್ತದೆ ಅಂತಲೂ ಬರೆಯಿತು. ಎಂಟು ಲೋಟ ಹುಟ್ಟಿದ್ದು ಅಲ್ಲಿಂದಲೇ ಅಂತ ಹೇಳುವವರಿದ್ದಾರೆ. ಮೊದಲ ಸಾಲನ್ನು ಎಲ್ಲರೂ ಓದಿಕೊಂಡರು, ಎರಡನೆಯದನ್ನು ಯಾರೂ ಓದಲಿಲ್ಲ. ಅನ್ನ, ಸಾರು, ಹಣ್ಣು, ತರಕಾರಿ ಎಲ್ಲದರಲ್ಲೂ ನೀರೇ ತಾನೇ ಇರುವುದು? ಕಾಫಿ ಟೀ ಕುಡಿದರೆ ಮೈಯಲ್ಲಿರುವ ನೀರೆಲ್ಲ ಹೋಗಿಬಿಡುತ್ತದೆ ಅಂತ ಹೆದರಿಸುವವರೂ ಇದ್ದಾರೆ. ದಿನಕ್ಕೆ ಎರಡು ಮೂರು ಲೋಟ ಕುಡಿಯುವವರಿಗೆ ಅದೂ ನೀರಿನ ಲೆಕ್ಕಕ್ಕೇ ಸೇರುತ್ತದೆ, ಭಯ ಬೇಡ.

ಹಾಗಾದರೆ ಎಷ್ಟು ಕುಡಿಯಬೇಕು? ನನ್ನನ್ನು ಕೇಳಿದರೆ, ಮೂತ್ರದ ಬಣ್ಣ ನೋಡಿ. ಮುಖ ಸಿಂಡರಿಸಬೇಡಿ, ಮೂರು ಮಕ್ಕಳನ್ನು ಸಾಕಿದವಳು ನಾನು. ಒಣಹುಲ್ಲಿನ ತಿಳಿ ಹಳದಿ ಇದ್ದರೆ ಸರಿಯಾಗಿದೆ. ಗಾಢ ಹಳದಿಯಾದರೆ ಇನ್ನೊಂದು ಲೋಟ ಬೇಕು. ಇಡೀ ದಿನ ನೀರಿನಷ್ಟೇ ಬಿಳುಪಾಗಿದ್ದರೆ ನೀವು ಸುಮ್ನೆ ಜಾಸ್ತಿ ಕುಡಿಯುತ್ತಿದ್ದೀರಿ. ಬಿ ವಿಟಮಿನ್ ಮಾತ್ರೆ ನುಂಗಿದ ದಿನ ಮಾತ್ರ ಈ ಲೆಕ್ಕ ನಡೆಯದು, ಅವತ್ತು ಹೊಳೆಯುವ ಹಳದಿ ಬರುತ್ತದೆ, ಗಾಬರಿಯಾಗಬೇಡಿ. ಹೃದಯದ ತೊಂದರೆ, ಕಿಡ್ನಿ ತೊಂದರೆ ಇರುವವರು ನನ್ನ ಮಾತು ಬಿಟ್ಟು ಡಾಕ್ಟರು ಹೇಳಿದಷ್ಟೇ ಕುಡಿಯಿರಿ. ಇನ್ನು ನನ್ನ ವಯಸ್ಸಿನವರಿಗೆ ಒಂದು ಮಾತು. ವಯಸ್ಸಾದಂತೆ ಬಾಯಾರಿಕೆಯೇ ಗೊತ್ತಾಗುವುದಿಲ್ಲ. ಮೈಗೆ ನೀರು ಬೇಕಾಗಿರುತ್ತದೆ, ನಾಲಿಗೆ ಕೇಳುವುದಿಲ್ಲ. ಹಾಗಾಗಿ ನಾವು ಬಾಯಾರಿಕೆಗೆ ಕಾಯಬಾರದು. ಎದ್ದ ತಕ್ಷಣ ಒಂದು ಲೋಟ, ಊಟಕ್ಕೊಂದು, ಮಾತ್ರೆಗೊಂದು, ಹೀಗೆ ಯಾವುದಾದರೂ ಕೆಲಸಕ್ಕೆ ಗಂಟು ಹಾಕಿಬಿಡಬೇಕು. ಹೊತ್ತು ಮುಳುಗಿದ ಮೇಲೆ ಕಡಿಮೆ ಮಾಡುತ್ತಾ ಬನ್ನಿ, ಮಲಗುವಾಗ ಗುಟುಕು ಸಾಕು. ರಾತ್ರಿ ಅರೆನಿದ್ದೆಯಲ್ಲಿ ಎದ್ದು ಹೋಗಿ ಕಾಲು ಜಾರಿದರೆ ಕುಡಿದ ನೀರಿನ ಪುಣ್ಯವೆಲ್ಲ ಸೊಂಟದಲ್ಲಿ ಹೋಗುತ್ತದೆ.

ಬೆವರಿದ್ದಕ್ಕೆ ನೀರು ಸಾಕು. ಅರ್ಧ ಗಂಟೆ ನಡೆದು ಬಂದು ಬಣ್ಣಬಣ್ಣದ ಸಕ್ಕರೆ ನೀರು ಕುಡಿಯುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ವಾಂತಿ ಭೇದಿ ಆದಾಗಿನ ಮಾತು ಬೇರೆ. ಆಗ ಓಆರ್‌ಎಸ್ ಪೊಟ್ಟಣ ಬೇಕು, ಪೊಟ್ಟಣದ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ನೀರಿಗೆ ಹಾಕಬೇಕು. ಅದು ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡನ್ನೂ ಚಮಚದ ಅಂಚಿಗೆ ಸಮವಾಗಿ ತೀಡಿ ಹಾಕಬೇಕು. ಜೀವಮಾನವಿಡೀ ಕೈ ಅಳತೆಯಲ್ಲೇ ಅಡುಗೆ ಮಾಡಿದವಳು ನಾನು, ಆದರೆ ಇದೊಂದಕ್ಕೆ ಕೈ ಅಳತೆ ಕೂಡದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ.

ವ್ಯಾಯಾಮದ ಕಥೆಯೂ ಇದೇ. ನನ್ನ ತಂಗಿಯ ಮಗಳು ವರ್ಷದ ಮೊದಲ ದಿನ ಹೊಸ ಶೂ ಹಾಕಿಕೊಂಡು ಒಂದು ಗಂಟೆ ಓಡಿದಳು. ಎರಡನೇ ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿದಳು. ಮೂರನೇ ದಿನ ಶೂ ಕಪಾಟು ಸೇರಿತು, ಇನ್ನೂ ಅಲ್ಲೇ ಇದೆ. "ದೊಡ್ಡಮ್ಮ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗದಿದ್ದರೆ ನಡೆದೂ ಪ್ರಯೋಜನವಿಲ್ಲ" ಅಂತಾಳೆ. ಆ ಹತ್ತು ಸಾವಿರ ಯಾವ ಡಾಕ್ಟರೂ ಅಳೆದು ಕೊಟ್ಟದ್ದಲ್ಲ. 1965ರಲ್ಲಿ ಜಪಾನಿನಲ್ಲಿ ಹೆಜ್ಜೆ ಎಣಿಸುವ ಯಂತ್ರವೊಂದನ್ನು ಮಾರಾಟಕ್ಕೆ ತಂದರು, ಅದರ ಹೆಸರಿನ ಅರ್ಥವೇ ಹತ್ತು ಸಾವಿರ ಹೆಜ್ಜೆಯ ಮೀಟರ್ ಅಂತ. ಮಾರುವವರು ಇಟ್ಟ ಹೆಸರು ಜಗತ್ತಿಗೆಲ್ಲ ನಿಯಮವಾಗಿ ಕೂತಿತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಚುರುಕಾಗಿ ಮೈ ಆಡಿಸಿ ಅಂತ. ಕಡಿಮೆ ಕಡೆಯ ಲೆಕ್ಕ ಹಿಡಿದರೆ ದಿನಕ್ಕೆ ಅರ್ಧ ಗಂಟೆಯೂ ಆಗುವುದಿಲ್ಲ. ಚುರುಕು ಅಂದರೆ ಏನು? ಮಾತಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ನಿಮ್ಮ ಕೈಗಡಿಯಾರ ಏನು ಹೇಳಿದರೂ ನನ್ನ ಅಳತೆ ಅಷ್ಟೇ. ಅದನ್ನೂ ಒಂದೇ ಗುಕ್ಕಿನಲ್ಲಿ ಮಾಡಬೇಕಿಲ್ಲ, ಊಟವಾದ ಮೇಲೆ ಹತ್ತು ಹತ್ತು ನಿಮಿಷ ಅಡ್ಡಾಡಿದರೂ ಆಯಿತು. ಉಂಡ ಮೇಲೆ ನಡೆದರೆ ರಕ್ತದ ಸಕ್ಕರೆ ದಿಢೀರ್ ಏರುವುದಿಲ್ಲ. ಉಂಡು ಕೈ ತೊಳೆದು ಸೋಫಾಕ್ಕೆ ಬೀಳುವವರು ನಮ್ಮ ಮನೆಯಲ್ಲಿ ಇಬ್ಬರಿದ್ದಾರೆ, ಹೆಸರು ಹೇಳುವುದಿಲ್ಲ.

ನನ್ನ ಅಮ್ಮ ವ್ಯಾಯಾಮ ಅನ್ನುವ ಪದವನ್ನೇ ಬಳಸಿದವಳಲ್ಲ. ಬಾವಿಯಿಂದ ಹಗ್ಗ ಎಳೆದೆಳೆದು ಅವಳ ಅಂಗೈ ಚಪ್ಪಲಿಯ ಹಾಗೆ ಗಟ್ಟಿಯಾಗಿತ್ತು. ರಾಟೆ ಕಿರ್ ಅನ್ನುವ ಸದ್ದಿಗೇ ನಮಗೆ ಬೆಳಗಾಗುತ್ತಿತ್ತು. ಸೊಂಟದ ಮೇಲೊಂದು ಕೊಡ, ಕೈಯಲ್ಲೊಂದು ಬಿಂದಿಗೆ. ಕುಡಿಯುವ ಪ್ರತಿ ಲೋಟ ನೀರಿಗೂ ಮೊದಲು ಮೈ ಬಗ್ಗಿಸಲೇಬೇಕಿತ್ತು. ಆ ಕಷ್ಟ ಮತ್ತೆ ಬೇಕು ಅಂತ ನಾನು ಹೇಳುವುದಿಲ್ಲ, ನಲ್ಲಿ ಬಂದ ದಿನ ಅವಳು ಕಣ್ಣೀರು ಹಾಕಿದ್ದನ್ನು ನೋಡಿದ್ದೇನೆ. ಆದರೆ ನೀರು ಬೇಕಾದರೆ ಎದ್ದು ಹೋಗಬೇಕು ಅನ್ನುವುದು ಮಾತ್ರ ನನ್ನ ತಲೆಯಲ್ಲಿ ಉಳಿದುಕೊಂಡಿತು. ನನ್ನ ಉಪಾಯ ಹುಟ್ಟಿದ್ದೇ ಅದರಿಂದ.

ಉಪಾಯ ಇಷ್ಟೇ. ನೀರನ್ನು ನೀವು ಕೂರುವ ಜಾಗದಿಂದ ಮನೆಯಲ್ಲಿ ಎಷ್ಟು ದೂರ ಇಡಬಹುದೋ ಅಷ್ಟು ದೂರ ಇಡಿ. ಬಾಟಲಿ ಬೇಡ. ಮುಚ್ಚಳವಿರುವ ಒಂದು ಚೊಂಬು, ಪಕ್ಕದಲ್ಲಿ ಒಂದು ಸಣ್ಣ ಲೋಟ. ಲೋಟ ಸಣ್ಣದೇ ಇರಬೇಕು, ನಾಲ್ಕೈದು ಗುಟುಕಿಗೆ ಖಾಲಿಯಾಗಬೇಕು. ದೊಡ್ಡ ಲೋಟವಾದರೆ ಒಂದೇ ಸಲ ಕುಡಿದು ಮೂರು ಗಂಟೆ ಕೂತುಬಿಡುತ್ತೀರಿ, ನನಗೆ ಗೊತ್ತು. ಅಲ್ಲೇ ನಿಂತು ಕುಡಿದು ಮುಗಿಸಬೇಕು, ಲೋಟ ಹಿಡಿದುಕೊಂಡು ಕುರ್ಚಿಗೆ ಬರಬಾರದು. ಕುಡಿದಾದ ಮೇಲೆ ಗೋಡೆಗೆ ಬೆರಳು ತಾಗಿಸಿಕೊಂಡು ಹಿಮ್ಮಡಿ ಎತ್ತಿ ಇಳಿಸಿ, ಹತ್ತು ಸಲ. ಬಾಯಲ್ಲಿ ನೀರಿಟ್ಟುಕೊಂಡು ಅಲ್ಲ! ಮೀನಖಂಡ ಬಿಗಿಯಾದಾಗಲೆಲ್ಲ ಕಾಲಲ್ಲಿ ನಿಂತ ರಕ್ತವನ್ನು ಹಿಂಡಿ ಮೇಲಕ್ಕೆ ಕಳಿಸುತ್ತದೆ. ಇಡೀ ದಿನ ಕೂತವರ ಪಾದ ಸಂಜೆಗೆ ಊದಿಕೊಳ್ಳುವುದು ಆ ಹಿಂಡುವ ಕೆಲಸ ನಿಂತುಹೋಗುವುದರಿಂದಲೂ ಹೌದು.

ಮುಖ್ಯವಾದದ್ದು ಇರುವುದು ಕುರ್ಚಿಗೆ ವಾಪಸ್ಸು ಬಂದ ಮೇಲೆ. ಹಾಗೇ ಕೂರುವ ಹಾಗಿಲ್ಲ. ಐದು ಸಲ ಎದ್ದು ಕೂತು ಆಮೇಲೆ ಕೂರಬೇಕು. ಇದನ್ನು ನನಗೆ ಕಲಿಸಿದ್ದು ಒಬ್ಬ ಫಿಸಿಯೋಥೆರಪಿ ಹುಡುಗಿ. 61ನೇ ವಯಸ್ಸಿನಲ್ಲಿ ನಾನು ಬಚ್ಚಲುಮನೆಯಲ್ಲಿ ಬಿದ್ದು, ಎರಡು ತಿಂಗಳು ಕೂತೇ ಇದ್ದೆ. ಆಮೇಲೆ ನೋಡಿದರೆ ತೊಡೆಯಲ್ಲಿ ಬಲವೇ ಇಲ್ಲ, ಕೈ ಊರದೆ ಏಳಲಾಗುತ್ತಿರಲಿಲ್ಲ. ಮೊದಲ ದಿನ ಅವಳು ಏಳಿಸಿದ್ದು ಒಂದೇ ಸಲ, ಅದಕ್ಕೇ ನನಗೆ ಬೆವರು ಕಿತ್ತಿತು.

ಕುರ್ಚಿಗೆ ಚಕ್ರ ಇರಬಾರದು. ಕೂತರೆ ಹೂತುಹೋಗುವ ಮೆತ್ತೆಯೂ ಬೇಡ. ಅದರ ಬೆನ್ನು ಗೋಡೆಗೆ ತಾಗಿರಲಿ, ಇಲ್ಲದಿದ್ದರೆ ಕೂರುವ ಹೊತ್ತಿಗೆ ಹಿಂದಕ್ಕೆ ಸರಿದು ನಿಮ್ಮನ್ನು ನೆಲಕ್ಕೆ ಹಾಕುತ್ತದೆ. ಕೂತಾಗ ತೊಡೆ ನೆಲಕ್ಕೆ ಸಮವಾಗಿರಬೇಕು. ತಗ್ಗಾಯಿತೇ, ಜಮಖಾನ ಮಡಿಸಿ ಹಾಕಿ. ಮುಂದಿನ ಅಂಚಿಗೆ ಸರಿದು ಕೂತುಕೊಳ್ಳಿ. ಹಿಮ್ಮಡಿ ಮಂಡಿಗಿಂತ ಚೂರು ಹಿಂದೆ ಇರಲಿ. ಎಲ್ಲರೂ ತಪ್ಪುವುದು ಇಲ್ಲೇ. ಪಾದವನ್ನು ಮುಂದೆ ಚಾಚಿಕೊಂಡು ಏಳಲು ಒದ್ದಾಡುತ್ತಾರೆ, ಆಮೇಲೆ ಮಂಡಿ ಸರಿಯಿಲ್ಲ ಅಂತಾರೆ. ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿ. ಈಗ ಮುಂದಕ್ಕೆ ಬಾಗಿ, ನಿಮ್ಮ ಮೂಗು ಕಾಲಿನ ಹೆಬ್ಬೆರಳ ನೇರಕ್ಕೆ ಬರಬೇಕು. ಬಂದಿತೋ, ಉಸಿರು ಬಿಡುತ್ತಾ ಏಳಿ. ಮಂಡಿಗಳು ಒಂದಕ್ಕೊಂದು ಮುತ್ತಿಡಲು ಹೋಗಬಾರದು, ಪಾದದ ನೇರಕ್ಕೇ ಇರಬೇಕು. ಪೂರ್ತಿ ನಿಂತು, ಒಂದು ಗಳಿಗೆ ತಡೆದು, ಆಮೇಲೆ ಕೂರುವುದು. ಏಳುವುದಕ್ಕಿಂತ ಕೂರುವುದೇ ಕಷ್ಟದ ಕೆಲಸ. ಒಂದು, ಎರಡು, ಮೂರು, ನಾಲ್ಕು ಅಂತ ಎಣಿಸುತ್ತಾ ಇಳಿಯಬೇಕು, ನಾಲ್ಕಕ್ಕೆ ಕುರ್ಚಿ ತಾಗಬೇಕು. ಕುರ್ಚಿ ಸದ್ದು ಮಾಡಿದರೆ ಅದು ಲೆಕ್ಕಕ್ಕಿಲ್ಲ. ನಾನು ಅಡುಗೆಮನೆಯಿಂದಲೇ ಕಿವಿ ಕೊಟ್ಟಿರುತ್ತೇನೆ. ಧೊಪ್ ಅಂತ ಕೇಳಿಸಿದರೆ "ಅದು ಬಿಟ್ಟು ಎಣಿಸು" ಅಂತ ಕೂಗುತ್ತೇನೆ. ಹತ್ತು ಸಲ ನೀರಿಗೆ ಎದ್ದರೆ ಐವತ್ತಾಯಿತು, ಅಲ್ವಾ? ಮಂಡಿ ನೋವಿರುವವರು ಎತ್ತರದ ಕುರ್ಚಿ ಹಾಕಿಕೊಂಡು ಕೈಹಿಡಿಕೆ ಊರಿಕೊಳ್ಳಿ, ಎರಡೇ ಸಲ ಮಾಡಿ. ತಲೆ ಸುತ್ತಿದರೆ ಕೂತುಬಿಡಿ. ಎದೆ ಹಿಡಿದಂತಾದರೆ ನಿಲ್ಲಿಸಿ, ಮನೆಯವರನ್ನು ಕರೆದು ಆಗಲೇ ಆಸ್ಪತ್ರೆಗೆ ಹೊರಡಿ.

ಬಾಟಲಿ ಬಿಡಲಾಗದವರು ಅದನ್ನು ತೊಳೆಯುವುದನ್ನಾದರೂ ಕಲಿಯಿರಿ. ನೀರು ಹಾಕಿ ಕುಲುಕಿ ಚೆಲ್ಲಿದರೆ ತೊಳೆದ ಹಾಗಲ್ಲ. ಮುಚ್ಚಳದೊಳಗೆ ಒಂದು ರಬ್ಬರ್ ಉಂಗುರ ಇರುತ್ತದೆ, ಚಮಚದ ಹಿಡಿಯಿಂದ ಅದನ್ನು ಎಬ್ಬಿಸಿ ನೋಡಿ. ಕೆಳಗೆ ಕಪ್ಪಗೆ ಲೋಳೆ ಕೂತಿರುತ್ತದೆ. ಮೊಮ್ಮಗನ ಬಾಟಲಿಯಲ್ಲಿ ತೆಗೆದು ತೋರಿಸಿದೆ, ಎರಡು ದಿನ ಅವನು ಅದನ್ನು ಮುಟ್ಟಲಿಲ್ಲ. ಉಂಗುರ ಬೇರೆ, ಮುಚ್ಚಳ ಬೇರೆ, ಸೋಪು ಹಾಕಿ ಉಜ್ಜಿ, ಬೋರಲು ಹಾಕಿ, ಪೂರ್ತಿ ಒಣಗಿದ ಮೇಲೆ ಜೋಡಿಸಬೇಕು.

ಮೈ ಆಡಿಸಲು ಪುರಸೊತ್ತಿಲ್ಲ ಅನ್ನುವವರಿಗೆ ಒಂದು ಹಳೇ ಸಂಗತಿ ಹೇಳುತ್ತೇನೆ. 1953ರಲ್ಲಿ ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳ ಡ್ರೈವರುಗಳನ್ನೂ ಕಂಡಕ್ಟರುಗಳನ್ನೂ ಜೆರಿ ಮಾರಿಸ್ ಅನ್ನುವ ವೈದ್ಯರು ಹೋಲಿಸಿ ನೋಡಿದರು. ಅದೇ ಬಸ್ಸು, ಅದೇ ದಾರಿ. ಕೂತೇ ಇರುವ ಡ್ರೈವರುಗಳಿಗಿಂತ, ದಿನವಿಡೀ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ಅವರೇನು ವ್ಯಾಯಾಮ ಮಾಡಿದವರಲ್ಲ, ಟಿಕೆಟ್ ಕೊಟ್ಟವರು.

ಗದೆಯ ಕಥೆ ಬಾಕಿ ಉಳಿಯಿತು. ಆ ಬಾಟಲಿಯನ್ನು ನಾನು ತೆಗೆದುಕೊಂಡಿದ್ದೇನೆ. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ ತೂಕ, ತುಂಬಿಸಿದರೆ ಎರಡು ಕಿಲೋ ದಾಟಿತು. ವಾರಕ್ಕೆ ಎರಡು ದಿನವಾದರೂ ಮಾಂಸಖಂಡಕ್ಕೆ ಭಾರದ ಕೆಲಸ ಕೊಡಬೇಕು, ಅದಕ್ಕೆ ಇದೇ ಸಾಕು. ಮೊಣಕೈ ಮೈಗೆ ಅಂಟಿಸಿಕೊಂಡು ಭುಜದವರೆಗೆ ಎತ್ತಿ, ನಿಧಾನವಾಗಿ ಇಳಿಸುತ್ತೇನೆ. ಶುರುವಿಗೆ ಅರ್ಧ ತುಂಬಿಸಿಕೊಂಡಿದ್ದೆ, ವಾರಕ್ಕೊಂದು ಲೋಟ ಸೇರಿಸುತ್ತಾ ಈಗ ಒಂಬತ್ತು ಗಂಟೆಯ ಗೆರೆ ಮುಟ್ಟಿದ್ದೇನೆ ಅನ್ನೋಣ ಅಂದರೆ ಇದಕ್ಕೆ ಗೆರೆಯೇ ಇಲ್ಲ, ಗೆರೆ ಇರುವುದು ಸೊಸೆಯ ಬಾಟಲಿಗೆ. ಮೊನ್ನೆ ಮೊಮ್ಮಗ ಕೂತಲ್ಲಿಂದಲೇ "ಅಜ್ಜಿ, ಬಾಯಾರಿಕೆ, ನನ್ನ ಬಾಟಲಿ ಕೊಡಿ" ಅಂದ. "ನನ್ನದು ಇನ್ನೂ ಆರು ಸಲ ಎತ್ತುವುದಿದೆ, ಚೊಂಬು ಹಿಂದಿನ ಕೋಣೆಯಲ್ಲಿದೆ" ಅಂದೆ. ಗೊಣಗುತ್ತಾ ಎದ್ದು ಹೋದ. ವಾಪಸ್ಸು ಬಂದ ಮೇಲೆ ಕಿವಿ ಕೊಟ್ಟು ಕೇಳಿದೆ. ಐದರಲ್ಲಿ ಎರಡು ಧೊಪ್.