ನಡಿಗೆಯ ವೇಗದಲ್ಲಿ ಒಂದು ವಾರ: ಮನೆಮಂದಿಯೊಂದಿಗೆ ಕಾಲುವೆ ದೋಣಿ ನಡೆಸುವುದು ಹೇಗೆ?

ಕಾಲುವೆಯಲ್ಲಿ ದೋಣಿ ಸಾಗುವುದು ಹೆಚ್ಚುಕಡಿಮೆ ಮನುಷ್ಯ ನಡೆಯುವ ವೇಗದಲ್ಲಿ. ಬ್ರಿಟನ್ನಿನ ಕಿರಿದಾದ ಕಾಲುವೆಗಳಲ್ಲಿ ಗಂಟೆಗೆ 4 ಮೈಲಿ, ಅಂದರೆ ಸುಮಾರು 6 ಕಿ.ಮೀ. ಮೀರುವಂತಿಲ್ಲ. ದಡದ ದಾರಿಯಲ್ಲಿ ಬಿರಬಿರನೆ ನಡೆದು ಬರುವವರು ನಿಮ್ಮನ್ನು ದಾಟಿ ಹೋಗುತ್ತಾರೆ. ಮೊದಲ ದಿನ ಇದರಿಂದ ಚಡಪಡಿಕೆ ಆಗುತ್ತದೆ. ಮೂರನೆಯ ದಿನದ ಹೊತ್ತಿಗೆ ಎಲ್ಲರ ಮಾತೂ ಅದೇ ನಿಧಾನಕ್ಕೆ ಹೊಂದಿಕೊಂಡಿರುತ್ತದೆ. ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲ ಇರುವ ದೋಣಿಯನ್ನು ಬೇಸಿಗೆಯಲ್ಲಿ ಒಂದು ವಾರ ಬಾಡಿಗೆಗೆ ಹಿಡಿದು ನಾವೇ ನಡೆಸಿಕೊಂಡು ಹೋಗುವ ಈ ರಜೆ, ಮನೆಯವರನ್ನೂ ಗೆಳೆಯರನ್ನೂ ಹತ್ತಿರ ತರುವಷ್ಟು ಬೇರೆ ಯಾವ ಪ್ರವಾಸವೂ ತಂದದ್ದನ್ನು ನಾನು ಕಂಡಿಲ್ಲ. ಅದಕ್ಕೆ ಎರಡು ಸಂಗತಿ ಬೇಕು: ದೂರ ಕಡಿಮೆ ಇಟ್ಟುಕೊಳ್ಳುವುದು, ಬಂದವರೆಲ್ಲರ ಕೈಗೂ ಒಂದು ಕೆಲಸ ಕೊಡುವುದು. ಉಳಿದದ್ದನ್ನೆಲ್ಲ ಕಲಿಯಬಹುದು.

ಮೊದಲು ದೂರದ ಲೆಕ್ಕ

ನಕ್ಷೆ ಬಿಡಿಸಿದ ಕೂಡಲೇ ಆಸೆ ಹೆಚ್ಚಾಗುತ್ತದೆ. ಕಾರಿನಲ್ಲಿ ಅರ್ಧ ಗಂಟೆಯ ದಾರಿ ದೋಣಿಗೆ ಒಂದು ಪೂರ್ತಿ ದಿನ ಎಂಬುದನ್ನು ಮನಸ್ಸು ಸುಲಭಕ್ಕೆ ಒಪ್ಪುವುದಿಲ್ಲ. ಹಾಗಾಗಿ ಕಾಗದದ ಮೇಲೆ ಲೆಕ್ಕ ಹಾಕಿ. ತಿರುವು, ಸೇತುವೆ, ನಿಂತ ದೋಣಿಗಳು ಎಲ್ಲ ಸೇರಿ ಗಂಟೆಗೆ 5 ಕಿ.ಮೀ. ಎಂದು ಹಿಡಿಯಿರಿ. ದಾರಿಯಲ್ಲಿ ಸಿಗುವ ಪ್ರತಿ ಲಾಕ್‌ಗೆ, ಅಂದರೆ ದೋಣಿಯನ್ನು ಮೇಲಕ್ಕೋ ಕೆಳಕ್ಕೋ ದಾಟಿಸುವ ನೀರಿನ ಮೆಟ್ಟಿಲಿಗೆ, 20 ನಿಮಿಷ ಸೇರಿಸಿ. 15 ಕಿ.ಮೀ. ಮತ್ತು 9 ಲಾಕ್ ಎಂದರೆ ಅಲ್ಲಿಗೆ ಆರು ಗಂಟೆ. ಹೊಸಬರಿಗೆ ದಿನಕ್ಕೆ ಅಷ್ಟೇ ಹೆಚ್ಚು; ನಾಲ್ಕು ಗಂಟೆ ಇಟ್ಟುಕೊಂಡರೆ ಇನ್ನೂ ಒಳ್ಳೆಯದು.

ಲಾಕ್‌ಗಳ ಸಾಲು ಇರುವ ದಾರಿಯನ್ನು ಮೊದಲ ಸಲಕ್ಕೆ ಆರಿಸಬೇಡಿ. ಇಂಗ್ಲೆಂಡಿನ ಡಿವೈಜಸ್ ಊರಿನ ಕೇನ್ ಹಿಲ್‌ನಲ್ಲಿ 29 ಲಾಕ್‌ಗಳು ಗುಡ್ಡ ಹತ್ತುತ್ತವೆ. ಅದರಲ್ಲಿ 16 ಒಂದರ ಬೆನ್ನಿಗೊಂದು. ನೋಡಲು ಕಣ್ಣಿಗೆ ಹಬ್ಬ, ದಾಟಲು ಐದಾರು ಗಂಟೆಯ ಮೈಮುರಿ ಕೆಲಸ. ಇನ್ನೊಂದು ಮಾತು: ಹೋದ ದಾರಿಯಲ್ಲೇ ಮರಳುವುದಾದರೆ ದೋಣಿ ಎಲ್ಲಿ ತಿರುಗಿಸಬಹುದು ಎಂದು ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ. ಉದ್ದದ ದೋಣಿ ಕಾಲುವೆಯ ನಡುವೆ ಎಲ್ಲೆಂದರಲ್ಲಿ ತಿರುಗದು. ಅದಕ್ಕೆಂದೇ ದಡ ಕೊರೆದು ಅಗಲ ಮಾಡಿದ ಜಾಗಗಳಿರುತ್ತವೆ.

ದೋಣಿ ಹಿಡಿಯುವಾಗ

ಬ್ರಿಟನ್ನಿನ ಕಾಲುವೆ ದೋಣಿಯ ಅಗಲ 7 ಅಡಿಗಿಂತ ಚೂರು ಕಡಿಮೆ, ಉದ್ದ 70 ಅಡಿಯವರೆಗೂ ಹೋಗುತ್ತದೆ. ಅಂದರೆ ರೈಲುಬೋಗಿಯ ಓಣಿಯಂಥ ಮನೆ. ಎಂಟು ಹಾಸಿಗೆ ಇದೆ ಎಂದು ಎಂಟು ಜನ ತುಂಬಬೇಡಿ. ಎಂಟರ ದೋಣಿಯಲ್ಲಿ ಆರು ಜನ ಆರಾಮ. ಊಟದ ಮೇಜನ್ನೇ ರಾತ್ರಿ ಹಾಸಿಗೆ ಮಾಡಬೇಕಾದ ಜಾಗ ಎಷ್ಟಿದೆ ಎಂದು ಮೊದಲೇ ಕೇಳಿ. ಅಲ್ಲಿ ಮಲಗುವವರು ಎಲ್ಲರಿಗಿಂತ ತಡವಾಗಿ ಮಲಗಿ, ಎಲ್ಲರಿಗಿಂತ ಮುಂಚೆ ಏಳಬೇಕಾಗುತ್ತದೆ.

ಬ್ರಿಟನ್, ಫ್ರಾನ್ಸ್ ಕಾಲುವೆಗಳಲ್ಲಿ ಇಂಥ ಬಾಡಿಗೆ ದೋಣಿಗೆ ಲೈಸೆನ್ಸ್ ಬೇಡ. ಕೊಡುವವರೇ ಹೊರಡುವ ಮುನ್ನ ಪಾಠ ಹೇಳುತ್ತಾರೆ. ಆ ಪಾಠಕ್ಕೆ ಒಬ್ಬರನ್ನಷ್ಟೇ ಕಳಿಸಿ ಉಳಿದವರು ಸಾಮಾನು ಜೋಡಿಸುತ್ತ ಕೂರುವುದು ದೊಡ್ಡ ತಪ್ಪು. ಎಲ್ಲರೂ ನಿಂತು ಕೇಳಿ, ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ.

ಸೂಟ್‌ಕೇಸ್ ಬೇಡ; ಖಾಲಿಯಾದ ಮೇಲೆ ಮಡಚಿಡುವಂಥ ಬಟ್ಟೆಚೀಲ ತನ್ನಿ. ಜಾರದ ಬೂಟು, ಹಗ್ಗ ಎಳೆಯಲು ಕೈಗವಸು, ಟಾರ್ಚ್, ಟೋಪಿ. ನೀರಿನ ಮೇಲಿನ ಬಿಸಿಲು ಕೆಳಗಿನಿಂದಲೂ ಹೊಡೆಯುತ್ತದೆ. ಬೀಗದ ಕೈಗೆ ತೇಲುವ ಬೆಂಡು ಕಟ್ಟಿ.

ಚುಕ್ಕಾಣಿ ಹಿಡಿಯುವುದು

ಚುಕ್ಕಾಣಿಯ ಹಿಡಿ ದೋಣಿಯ ಹಿಂಬದಿಯಲ್ಲಿರುತ್ತದೆ, ಅದು ಉಲ್ಟಾ ಕೆಲಸ ಮಾಡುತ್ತದೆ. ಹಿಡಿಯನ್ನು ಎಡಕ್ಕೆ ತಳ್ಳಿದರೆ ದೋಣಿಯ ಮೂತಿ ಬಲಕ್ಕೆ ಹೋಗುತ್ತದೆ. ಇದು ಹತ್ತು ನಿಮಿಷದಲ್ಲಿ ಕೈಗೆ ಬರುತ್ತದೆ. ಕೈಗೆ ಬರಲು ಒಂದು ದಿನ ಬೇಕಾಗುವುದು ಬೇರೆ ಎರಡು ಸಂಗತಿ. ಒಂದು, ದೋಣಿ ಕಾರಿನ ಹಾಗೆ ಮುಂದಿನಿಂದ ತಿರುಗುವುದಿಲ್ಲ. ಅದು ಹೆಚ್ಚುಕಡಿಮೆ ನಡುಮಧ್ಯದಲ್ಲಿ ತಿರುಗುತ್ತದೆ. ಮೂತಿ ಬಲಕ್ಕೆ ಹೊರಳಿದಾಗ ಬಾಲ ಎಡಕ್ಕೆ ಬೀಸುತ್ತದೆ, ಆ ಬಾಲದ ಮೇಲೆ ನಿಂತಿರುವವರು ನೀವು. ಇನ್ನೊಂದು, ನೀವು ಹಿಡಿ ತಳ್ಳಿದ್ದಕ್ಕೂ ದೋಣಿ ಮಾತು ಕೇಳುವುದಕ್ಕೂ ನಡುವೆ ಎರಡು ಮೂರು ಉಸಿರಿನ ಅಂತರವಿದೆ. ಹೊಸಬರು ಆ ಅಂತರದಲ್ಲಿ ಗಾಬರಿಯಾಗಿ ಇನ್ನಷ್ಟು ತಳ್ಳುತ್ತಾರೆ, ದೋಣಿ ಹಾವಿನಂತೆ ಅಂಕುಡೊಂಕು ಹೋಗುತ್ತದೆ. ಸ್ವಲ್ಪ ತಳ್ಳಿ, ಕಾಯಿರಿ. ದೋಣಿಗೆ ಬ್ರೇಕ್ ಇಲ್ಲ. ನಿಲ್ಲಿಸಬೇಕಾದರೆ ರಿವರ್ಸ್ ಹಾಕಬೇಕು, ರಿವರ್ಸ್‌ನಲ್ಲಿ ಚುಕ್ಕಾಣಿ ಹಿಡಿತಕ್ಕೆ ಸಿಗುವುದಿಲ್ಲ. ಆದ್ದರಿಂದ ನಿಲ್ಲುವ ಜಾಗಕ್ಕೆ ಬಹಳ ಮೊದಲೇ ನಿಧಾನ ಮಾಡಿ.

ನಮ್ಮ ಜೊತೆ ಬಂದಿದ್ದ ಸೋದರತ್ತೆಗೆ ಆಗ 71. ಮೊದಲ ಎರಡು ದಿನ ಒಳಗೇ ಕೂತು ಕಿಟಕಿಯಿಂದ ನೋಡುತ್ತಿದ್ದರು. ಮೂರನೆಯ ದಿನ ನೇರ ದಾರಿಯೊಂದು ಸಿಕ್ಕಾಗ ಕರೆದು ಹಿಡಿ ಕೈಗೆ ಕೊಟ್ಟೆವು. ಎಂಜಿನ್ನಿನ ನಡುಕ ಹಿಡಿಯ ಮೂಲಕ ಅಂಗೈಗೆ ಬರುತ್ತದೆ, ಅದಕ್ಕೆ ಅವರು ಒಂದು ಕ್ಷಣ ಕೈ ಬಿಟ್ಟರು. ಆಮೇಲೆ ಎರಡೂ ಕೈಯಲ್ಲಿ ಹಿಡಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದುರಿನ ಕಲ್ಲುಸೇತುವೆಯ ಕಮಾನಿನ ಮೇಲೇ ಕಣ್ಣಿಟ್ಟು ನಿಂತರು. ದೋಣಿ ಕಮಾನಿನ ಕೆಳಗೆ ಎರಡೂ ಬದಿಗೆ ಸಮ ಜಾಗ ಬಿಟ್ಟು ದಾಟಿತು. ಅಲ್ಲಿಂದ ದಿನಾ ಬೆಳಗಿನ ಮೊದಲ ಗಂಟೆ ಅವರದ್ದೇ ಪಾಳಿ. ಹಿರಿಯರನ್ನು ಕೂರಿಸಿ ಕರೆದುಕೊಂಡು ಹೋಗುವ ಪ್ರವಾಸ ಇದಲ್ಲ. ದಯವಿಟ್ಟು ಅವರ ಕೈಗೆ ಚುಕ್ಕಾಣಿ ಕೊಡಿ.

ಎದುರಿನಿಂದ ದೋಣಿ ಬಂದರೆ ಬಲಕ್ಕೆ ಸರಿಯಬೇಕು. ದಡಕ್ಕೆ ಕಟ್ಟಿದ ದೋಣಿಗಳ ಪಕ್ಕ ಹೋಗುವಾಗ ಎಂಜಿನ್ ಅತಿ ನಿಧಾನಕ್ಕೆ ಇಳಿಸಿ. ನೀವು ಎಳೆಯುವ ನೀರು ಅವರ ಗೂಟಗಳನ್ನೇ ಕಿತ್ತುಹಾಕಬಹುದು. ಆಗಾಗ ಹಿಂದೆ ತಿರುಗಿ ನೋಡಿ: ದಡಕ್ಕೆ ನೊರೆಯ ಅಲೆ ಅಪ್ಪಳಿಸುತ್ತಿದ್ದರೆ ವೇಗ ಹೆಚ್ಚಾಗಿದೆ ಎಂದರ್ಥ.

ಲಾಕ್ ದಾಟುವುದು

ಇಡೀ ಪ್ರವಾಸದ ತಿರುಳು ಇದೇ, ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಲಾಕ್ ಎಂದರೆ ಎರಡು ಕಡೆ ಬಾಗಿಲಿರುವ ಕಲ್ಲಿನ ತೊಟ್ಟಿ. ಬಾಗಿಲಲ್ಲೋ ಅದರ ಪಕ್ಕದ ನೆಲದಲ್ಲೋ ತೂಬುಗಳಿರುತ್ತವೆ. ಪಂಪು, ವಿದ್ಯುತ್ತು ಏನೂ ಬೇಡ. ಮೇಲಿನ ನೀರು ತಾನಾಗಿ ಕೆಳಗಿಳಿಯುವ ಬಲದಿಂದಲೇ 15 ಟನ್ ತೂಗುವ ದೋಣಿ ಮೇಲೇರುತ್ತದೆ. ಕಿರಿದಾದ ಲಾಕ್ ಕೂಡ ಒಂದು ಸಲಕ್ಕೆ ಲಕ್ಷ ಲೀಟರಿನಷ್ಟು ನೀರು ಕುಡಿಯುತ್ತದೆ. ಜೋಡಿ ಬಾಗಿಲುಗಳು ಹರಿವಿಗೆ ಎದುರಾಗಿ ಮೂಲೆ ಚಾಚಿ ಮುಚ್ಚಿಕೊಳ್ಳುತ್ತವೆ. ಹಾಗಾಗಿ ನೀರು ಒತ್ತಿದಷ್ಟೂ ಅವು ಬಿಗಿಯಾಗುತ್ತವೆ. ಮಿಲಾನಿನ ಕಾಲುವೆಗಳಲ್ಲಿ ಲಿಯೊನಾರ್ಡೊ ಡಾ ವಿಂಚಿ 15ನೇ ಶತಮಾನದ ಕೊನೆಗೆ ಕೆಲಸ ಮಾಡಿದ್ದು ಈ ಬಗೆಯ ಬಾಗಿಲುಗಳ ಮೇಲೆ. ಫ್ರಾನ್ಸಿನಲ್ಲಿ 1681ರಲ್ಲಿ ಮುಗಿದ, 240 ಕಿ.ಮೀ. ಉದ್ದದ ಕನಾಲ್ ದು ಮಿದಿಯಲ್ಲಿ ಲಾಕ್‌ಗಳು ಮೊಟ್ಟೆಯಾಕಾರದವು; ಮಣ್ಣಿನ ಒತ್ತಡಕ್ಕೆ ಗೋಡೆ ಒಳಗೆ ಕುಸಿಯದಿರಲೆಂದು.

ಮೇಲಕ್ಕೆ ಹೋಗುವ ಕ್ರಮ ಹೀಗೆ. ಇಬ್ಬರು ಮೊದಲೇ ದಡಕ್ಕಿಳಿದು ಲಾಕ್‌ಗೆ ನಡೆದು ಹೋಗಲಿ. ತೊಟ್ಟಿಯಲ್ಲಿ ನೀರು ಕೆಳಮಟ್ಟದಲ್ಲಿದ್ದರೆ ಕೆಳಬಾಗಿಲು ತೆರೆದು ದೋಣಿ ಒಳಗೆ ಬಿಡಿ. ಬಾಗಿಲು ಮುಚ್ಚಿ, ಕೆಳಗಿನ ತೂಬುಗಳೂ ಮುಚ್ಚಿವೆಯೇ ಎಂದು ಕಣ್ಣಾರೆ ನೋಡಿ. ಆಮೇಲೆ ಮೇಲಿನ ತೂಬನ್ನು ಕಬ್ಬಿಣದ ಹಿಡಿಕೆಯಿಂದ ಅರ್ಧ ಮಾತ್ರ ತೆರೆಯಿರಿ. ನೀರು ನುಗ್ಗಿ ದೋಣಿ ಹಿಂದೆ ಮುಂದೆ ತೂಗಾಡುತ್ತದೆ. ಅದು ಶಾಂತವಾದ ಮೇಲೆ ಪೂರ್ತಿ ತೆರೆಯಬಹುದು. ಎರಡೂ ಕಡೆ ನೀರು ಸಮವಾಗುವ ತನಕ ಮೇಲಿನ ಬಾಗಿಲು ಅಲುಗುವುದಿಲ್ಲ. ಬಾಗಿಲಿನ ಉದ್ದದ ತೊಲೆಗೆ ಬೆನ್ನು ಕೊಟ್ಟು, ಕಾಲು ಊರಿ, ಸುಮ್ಮನೆ ಒರಗಿ ನಿಲ್ಲಿ. ಏನೂ ಆಗುತ್ತಿಲ್ಲ ಎನ್ನಿಸುತ್ತಿರುವಾಗಲೇ ತೊಲೆ ಒಂದು ಕೂದಲೆಳೆಯಷ್ಟು ಸರಿಯುತ್ತದೆ, ಆಮೇಲೆ ಮಗುವೂ ತಳ್ಳಬಹುದು.

ಕೆಳಗಿಳಿಯುವಾಗ ಅಪಾಯ ಹೆಚ್ಚು. ಮೇಲಿನ ಬಾಗಿಲಿನ ಅಡಿಯಲ್ಲಿ ಕಲ್ಲಿನದೋ ಕಾಂಕ್ರೀಟಿನದೋ ಹೊಸ್ತಿಲು ಇದೆ. ತೊಟ್ಟಿ ತುಂಬಿರುವಾಗ ಅದು ಕಾಣುವುದಿಲ್ಲ. ನೀರು ಇಳಿಯುವಾಗ ದೋಣಿಯ ಹಿಂಬದಿ ಅದರ ಮೇಲೆ ಕೂತುಬಿಟ್ಟರೆ ಮೂತಿ ಕೆಳಗಿಳಿದು ದೋಣಿ ಮುಳುಗಬಹುದು. ಹೊಸ್ತಿಲು ಎಲ್ಲಿಯವರೆಗೆ ಎಂದು ಗೋಡೆಯ ಮೇಲೆ ಗೆರೆ ಎಳೆದಿರುತ್ತಾರೆ. ದೋಣಿಯನ್ನು ಅದರಿಂದ ಸಾಕಷ್ಟು ಮುಂದಿಡಿ. ಇಳಿಯುವಾಗ ಹಗ್ಗವನ್ನು ಕಟ್ಟಬೇಡಿ. ಕಂಬಕ್ಕೆ ಒಂದು ಸುತ್ತು ಹಾಕಿ ತುದಿ ಕೈಯಲ್ಲಿ ಹಿಡಿದು ಸಡಿಲ ಬಿಡುತ್ತಾ ಹೋಗಿ. ಕಟ್ಟಿದರೆ ದೋಣಿ ನೇತಾಡುತ್ತದೆ. ಒಬ್ಬರಿಗೆ ತೂಬಿನ ಪಕ್ಕ ನಿಂತು ದೋಣಿಯನ್ನೇ ನೋಡುವ ಕೆಲಸ ಇರಲಿ, ಆ ಹೊತ್ತಿನಲ್ಲಿ ಅವರು ಫೋಟೊ ತೆಗೆಯುವಂತಿಲ್ಲ. ದೋಣಿ ಸಿಕ್ಕಿಕೊಂಡಿತು ಎನ್ನಿಸಿದರೆ ಕೂಗಿ. ಕೆಳಗಿನ ತೂಬು ತಕ್ಷಣ ಮುಚ್ಚಿ, ಮೇಲಿನದು ಮೆಲ್ಲಗೆ ತೆರೆದು ನೀರು ಮತ್ತೆ ತುಂಬಿಸಿ.

ಮಕ್ಕಳು, ನೀರು, ಗಾಳಿ

ಈಜು ಬರುತ್ತದೋ ಇಲ್ಲವೋ, ಮಕ್ಕಳು ಹೊರಗೆ ಬಂದರೆ ಲೈಫ್ ಜಾಕೆಟ್ ಹಾಕಿರಲೇಬೇಕು. ವೇಲ್ಸ್‌ನ ಪೊಂಟ್‌ಕಸಾಲ್ಟೆ ಮೇಲ್ಗಾಲುವೆಯಂಥ ಕಡೆ ಇದಕ್ಕೆ ರಿಯಾಯಿತಿಯೇ ಇಲ್ಲ. 1805ರಲ್ಲಿ ತೆರೆದ ಆ ಕಬ್ಬಿಣದ ತೊಟ್ಟಿ ನದಿಯಿಂದ 38 ಮೀಟರ್ ಎತ್ತರದಲ್ಲಿ 307 ಮೀಟರ್ ಸಾಗುತ್ತದೆ. ಒಂದು ಬದಿಗೆ ನಡೆಯುವ ದಾರಿ, ಕಟಕಟೆ ಇದೆ. ಇನ್ನೊಂದು ಬದಿಗೆ ತೊಟ್ಟಿಯ ಅಂಚು, ಅದರಾಚೆ ಬರೀ ಆಕಾಶ.

ದೋಣಿ ಗೋಡೆಗೆ ತಾಗುವಂತಿದ್ದರೆ ಕೈಯಿಂದಲೋ ಕಾಲಿನಿಂದಲೋ ತಡೆಯಬೇಡಿ. ತಾಗಲಿ ಬಿಡಿ, ಉಕ್ಕಿನ ದೋಣಿಗೆ ಗೀರು ಬಿದ್ದರೆ ಬಣ್ಣ ಬಳಿಯಬಹುದು. ಯಾರಾದರೂ ನೀರಿಗೆ ಬಿದ್ದರೆ ಮೊದಲ ಕೆಲಸ ಎಂಜಿನ್ ನ್ಯೂಟ್ರಲ್‌ಗೆ ತರುವುದು, ರಿವರ್ಸ್ ಅಂತೂ ಹಾಕಲೇಬೇಡಿ. ಪ್ರೊಪೆಲ್ಲರ್ ಇರುವುದು ಹಿಂಬದಿಯಲ್ಲೇ. ಆಮೇಲೆ ಹಗ್ಗ ಎಸೆಯಿರಿ. ನೀರಿಗೆ ಕೈ ಹಾಕಿದ ಮೇಲೆ ಸೋಪಿನಿಂದ ತೊಳೆಯಿರಿ, ಗಾಯವಿದ್ದರೆ ಪ್ಲಾಸ್ಟರ್ ಹಾಕಿ ಮುಚ್ಚಿ. ನಿಂತ ನೀರಿನಲ್ಲಿ ಇಲಿ ಜ್ವರದ ರೋಗಾಣು ಇರಬಹುದು. ಕೆಂಡದ ಒಲೆ ಆರಿದಂತೆ ಕಂಡರೂ ದೋಣಿಯ ಒಳಗೆ ತರಬಾರದು. ಅದು ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಸಣ್ಣ ಕೋಣೆಯಲ್ಲಿ ಮಲಗಿದವರು ಏಳುವುದಿಲ್ಲ. ಅದರ ಅಲಾರಂ ಕೆಲಸ ಮಾಡುತ್ತಿದೆಯೇ ಎಂದು ಮೊದಲ ಸಂಜೆಯೇ ಬಟನ್ ಒತ್ತಿ ನೋಡಿ.

ಹಗ್ಗಗಳನ್ನು ಯಾವಾಗಲೂ ಸುತ್ತಿ ಮೇಲಿಡಿ. ನಮ್ಮ ದೋಣಿಯ ಹಿಂಬದಿಯ ಹಗ್ಗ ಒಮ್ಮೆ ಯಾರ ಗಮನಕ್ಕೂ ಬಾರದೆ ಜಾರಿ ನೀರಿಗೆ ಬಿದ್ದು ಪ್ರೊಪೆಲ್ಲರಿಗೆ ಸುತ್ತಿಕೊಂಡಿತು. ಎಂಜಿನ್ ಗೊರಗೊರ ಎಂದು ನಿಂತೇ ಹೋಯಿತು. ಎಂಜಿನ್ನಿನ ಹತ್ತಿರ ಇದಕ್ಕೆಂದೇ ಒಂದು ಮುಚ್ಚಳವಿದೆ. ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ ಮೇಲಷ್ಟೇ ಅದನ್ನು ತೆರೆದು ಕೈ ಇಳಿಸಬೇಕು. ತಣ್ಣೀರಿನಲ್ಲಿ ತಡಕಾಡಿ ಎಳೆ ಎಳೆಯಾಗಿ ಕೊಯ್ದು ತೆಗೆಯಲು ಎರಡು ಗಂಟೆ ಹಿಡಿಯಿತು. ಮುಚ್ಚಳ ಬಿಗಿಯಾಗಿ ಮುಚ್ಚದೆ ಎಂಜಿನ್ ಶುರು ಮಾಡಿದರೆ ನೀರು ಒಳಗೆ ನುಗ್ಗುತ್ತದೆ, ಅದು ಇನ್ನೂ ದೊಡ್ಡ ಅನಾಹುತ.

ಸಂಜೆ ಕಟ್ಟುವುದು

ಕತ್ತಲಾಗಲು ಎರಡು ಗಂಟೆ ಇರುವಾಗಲೇ ಜಾಗ ಹುಡುಕಿ. ತಿರುವಿನಲ್ಲಿ, ಸೇತುವೆಯ ಕೆಳಗೆ, ಲಾಕ್‌ನ ಬಾಯಲ್ಲಿ ಬೇಡ. ಮೂತಿಯನ್ನು ಮೊದಲು ದಡಕ್ಕೆ ತಂದು, ಹಗ್ಗ ಹಿಡಿದವರು ಇಳಿಯಲಿ. ಹಾರುವುದು ಬೇಡ, ಹೆಜ್ಜೆ ಇಟ್ಟೇ ಇಳಿಯುವಷ್ಟು ಹತ್ತಿರ ಬರುವ ತನಕ ಕಾಯಲಿ. ದೋಣಿಯ ಮುಂದೊಂದು, ಹಿಂದೊಂದು ಗೂಟ, ಹಗ್ಗ ದೋಣಿಯಿಂದ ಹೊರಚಾಚಿ ಓರೆಯಾಗಿ ಬರುವಂತೆ. ನದಿಯಲ್ಲಾದರೆ ಮೂತಿಯನ್ನು ಹರಿವಿಗೆ ಎದುರಾಗಿಟ್ಟು ಕಟ್ಟಿ, ರಾತ್ರಿ ನೀರು ಏರಿಳಿಯಬಹುದೆಂದು ಹಗ್ಗ ಸ್ವಲ್ಪ ಸಡಿಲ ಬಿಡಿ. ಬಿಳಿ ಬಟ್ಟೆಯ ಚೂರೊಂದನ್ನು ಪ್ರತಿ ಗೂಟಕ್ಕೂ ಕಟ್ಟಿದರೆ ಕತ್ತಲಲ್ಲಿ ನಡೆಯುವವರು ಎಡವುವುದಿಲ್ಲ. ಎಂಜಿನ್ನನ್ನು ರಾತ್ರಿ 8ರೊಳಗೆ ನಿಲ್ಲಿಸಿ, ಬೆಳಿಗ್ಗೆ 8ರ ತನಕ ಮುಟ್ಟಬೇಡಿ; ಬ್ರಿಟನ್ನಿನಲ್ಲಿ ದಡಕ್ಕೆ ಕಟ್ಟಿದ ದೋಣಿಗಳಿಗೆ ಅದೇ ಕ್ರಮ, ಅಕ್ಕಪಕ್ಕದವರೂ ಮಲಗಬೇಕಲ್ಲ. ಕೀಲಿ ತೆಗೆಯಿರಿ, ಲಾಕ್‌ನ ಕಬ್ಬಿಣದ ಹಿಡಿಕೆಗಳು ಎರಡೂ ಒಳಗೆ ಬಂದಿವೆಯೇ ನೋಡಿ, ತಲೆ ಎಣಿಸಿ, ನಾಳೆ ಬೆಳಗಿನ ಪಾಳಿ ಯಾರದೆಂದು ಕೇಳಿ ಬಾಗಿಲು ಹಾಕಿಕೊಳ್ಳಿ.